ಚೀಟಿ ಅಂಟಿಸಿದ ಪುಟ

ಆ ಚೀಟಿಗಳು ಹಸಿರು ಬಣ್ಣದವು ಎಂದು ಮೊದಲು ಬರೆದೆ, ಆಮೇಲೆ ಹೊಡೆದು ಹಾಕಿದೆ. ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಬಿಳಿ ಚೀಟಿಗಳೂ ಆಗಿದ್ದಿರಬಹುದು. ಆಗ ನನಗೆ ಹತ್ತು ವರ್ಷವೋ ಹನ್ನೊಂದೋ, ಅದೂ ಖಚಿತವಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡುವಾಗ ಒಬ್ಬರ ಮಾತನ್ನೇ ನಂಬಿ ಏನನ್ನೂ ಬರೆಯಬಾರದು ಎಂದು ಕಲಿತಿದ್ದೆ. ಆ ಒಬ್ಬರು ನಾನೇ ಆಗಿದ್ದರೂ ಅಷ್ಟೇ. ಹಾಗಾಗಿ ಹೋದ ವರ್ಷದ ಸಂಗತಿಗಳನ್ನು ಡೈರಿ ನೋಡಿಕೊಂಡು ಬರೆಯುತ್ತಿದ್ದೇನೆ. ಬಾಲ್ಯದ ಮೈಸೂರಿನ ಸಂಗತಿಗಳಿಗೆ ಡೈರಿ ಇಲ್ಲ. ಅಲ್ಲಿ ಕೆಲವು ವಿವರ ತಪ್ಪಿರಬಹುದು.

ಹೋದ ಸೆಪ್ಟೆಂಬರಿನಲ್ಲಿ ನನ್ನ ಚಿಕ್ಕಮ್ಮ, ಅಮ್ಮನ ತಂಗಿ, ಹೊರದೇಶದ ಪಿಕರಿಂಗ್ ಊರಿನ ನಮ್ಮ ಮನೆಗೆ ಬಂದಳು. ಮದುವೆಯಾಗದೆ ಉಳಿದವಳು. ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ನನಗೆ ಓದುವ ಚಟ ಹತ್ತಿಸಿದವಳು ಅವಳೇ. ಪತ್ತೇದಾರಿ ಕಾದಂಬರಿ, ದೆವ್ವದ ಕಥೆ, ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಹೆಣ ಸಿಗುವ ಕಥೆ. ಬಾಡಿಗೆ ಲೈಬ್ರರಿಯಿಂದ ತಂದು ವಾರಕ್ಕೆ ಮೂರು ಓದುತ್ತಿದ್ದಳು. ಈಗ ಅವಳ ಎರಡೂ ಕಣ್ಣುಗಳಲ್ಲಿ ನಡುಭಾಗದ ದೃಷ್ಟಿ ಮಸುಕಾಗಿತ್ತು. ಅಂಚಿನಲ್ಲಿರುವುದು ಕಾಣುತ್ತಿತ್ತು, ನೇರ ನೋಡಿದ್ದು ಕಾಣುತ್ತಿರಲಿಲ್ಲ. ನನ್ನ ಮುಖ ನೋಡಬೇಕಾದರೆ ನನ್ನ ಕಿವಿಯ ಕಡೆ ನೋಡುತ್ತಿದ್ದಳು. ಅಕ್ಷರ ಅಂತೂ ಸಾಧ್ಯವೇ ಇರಲಿಲ್ಲ. ಇದಕ್ಕೆ ಕನ್ನಡಕವೂ ಇಲ್ಲ, ಆಪರೇಷನ್ನೂ ಇಲ್ಲ ಎಂದು ಡಾಕ್ಟರು ಹೇಳಿದ್ದರಂತೆ.

ಏರ್‌ಪೋರ್ಟಿನಿಂದ ಬರುವಾಗಲೇ ಕಾರಿನಲ್ಲಿ ಹೇಳಿಬಿಟ್ಟಳು. “ಪುಸ್ತಕ ಎಲ್ಲ ಕೊಟ್ಬಿಟ್ಟೆ ಕಣೇ. ಎದುರುಮನೆ ಹುಡುಗಿಗೆ, ಎರಡು ಟ್ರಂಕು. ಆ ಅಂಗಡಿ ಮುಚ್ಚಾಯ್ತು.”

ಅದನ್ನು ತೆರೆಸಬೇಕು ಎಂದು ನಾನು ಅಲ್ಲೇ ನಿಶ್ಚಯಿಸಿದೆ. ಪುಸ್ತಕವಿಲ್ಲದ ಚಿಕ್ಕಮ್ಮ ಯಾರೆಂದೇ ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಮೊದಲ ಎರಡು ವಾರ ಅವಳು ನಮ್ಮ ಸೋಫಾದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಹಾಗೆ ಕೂತಿರುತ್ತಿದ್ದಳು.

ಮೊದಲು ಆಡಿಯೋ ಪುಸ್ತಕ ಹಾಕಿಕೊಟ್ಟೆ. ಹತ್ತು ನಿಮಿಷ ಕೇಳಿ ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟಳು.

“ಕೇಳೋದು ನನ್ನ ಆಫೀಸ್ ಕೆಲಸ ಆಗಿತ್ತು. ಮೂವತ್ತು ವರ್ಷ ಇಂಥದ್ದೇ ಒಂದನ್ನ ತಲೆಗೆ ಸಿಕ್ಕಿಸಿಕೊಂಡು ಊರವರ ಟ್ರಂಕ್ ಕಾಲ್ ಕೇಳಿದ್ದೀನಿ. ಓದೋದು ನನ್ನದು. ಅದಕ್ಕೂ ಇದಕ್ಕೂ ಯಾಕೆ ಗಂಟು ಹಾಕ್ತೀಯ?”

“ನಾನು ಓದಿ ಹೇಳ್ಲಾ?”

“ನೀನು ಓದಿದ್ರೆ ಕೊಲೆಗಾರನ ಬಾಲ್ಯ ಎಲ್ಲ ವಿವರಿಸ್ತೀಯ. ಬೇಡಮ್ಮ.”

ಅಕ್ಟೋಬರ್ ಬಂತು. ನಮ್ಮ ಬೀದಿಯ ಮೇಪಲ್ ಮರಗಳು ಕೆಂಪಾದವು, ತಿಂಗಳ ಕೊನೆಯ ದೆವ್ವದ ಹಬ್ಬಕ್ಕೆಂದು ಅವುಗಳ ಕೆಳಗೆ ಪ್ಲಾಸ್ಟಿಕ್ ಅಸ್ಥಿಪಂಜರಗಳು ಎದ್ದು ನಿಂತವು. ಮೂಲೆಮನೆಯವರದು ಮಹಡಿಯ ಕಿಟಕಿಯವರೆಗೆ ಎತ್ತರ. ವಾಕಿಂಗ್ ಹೋಗುವಾಗ ಚಿಕ್ಕಮ್ಮ ಓರೆಗಣ್ಣಿನಿಂದ ಅದನ್ನು ನೋಡಿ, “ಪಾಪ, ಬಹಳ ಇಳಿದುಹೋಗಿದ್ದಾರೆ” ಎಂದಳು. ಅದೇ ವಾರ ಜೀರಿಗೆ ಹುಡುಕುತ್ತಾ ಅಡುಗೆಮನೆಯ ಡ್ರಾಯರಿನಲ್ಲಿ ಕೈಯಾಡಿಸಿದವಳಿಗೆ ಮಾತ್ರೆಯ ಸ್ಟ್ರಿಪ್ಪೊಂದು ಸಿಕ್ಕಿತು. ಅಣು ವಿದ್ಯುತ್ ಸ್ಥಾವರ ಹತ್ತಿರವೇ ಇದೆ, ಏನಾದರೂ ಅಪಾಯವಾದರೆ ನುಂಗುವುದಕ್ಕೆ ಈ ಸುತ್ತಿನ ಮನೆಗಳಿಗೆ ಕೊಟ್ಟಿರುತ್ತಾರೆ ಎಂದೆ.

“ಇದನ್ನ ಡ್ರಾಯರಲ್ಲಿ ಇಟ್ಕೊಂಡು ನೀವೆಲ್ಲ ಹೊರಗಡೆ ಬಟ್ಟೆ ದೆವ್ವ ಕಟ್ಟಿ ಹೆದರ್ತಾ ಇದ್ದೀರಲ್ಲ!” ಎಂದು ಬಹಳ ಹೊತ್ತು ನಕ್ಕಳು. ಬಂದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು ಎಂದು ಡೈರಿಯಲ್ಲಿದೆ.

ನನ್ನ ಮಗಳಿಗೆ ಆಗ ಹನ್ನೊಂದು. ದಿನಕ್ಕೆ ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದಬೇಕು, ಕೇಳಿದ ದೊಡ್ಡವರು ಹಾಳೆಯ ಮೇಲೆ ಸಹಿ ಹಾಕಬೇಕು ಎಂದು ಅವಳ ಶಾಲೆಯಲ್ಲಿ ಹೇಳಿದ್ದರು. ಆ ತಿಂಗಳಿಗೆ ಭಯದ್ದೋ ರಹಸ್ಯದ್ದೋ ಪುಸ್ತಕವನ್ನು ಅವಳೇ ಆರಿಸಬೇಕಿತ್ತು. ಶನಿವಾರ ಮೂವರೂ ಲೈಬ್ರರಿಗೆ ಹೋದೆವು. ಚಿಕ್ಕಮ್ಮ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೋಟು ಬಿಚ್ಚದೆ ಕೂತಳು. “ನೀವು ನೋಡಿಕೊಂಡು ಬನ್ನಿ” ಎಂದಳು, ದೇವಸ್ಥಾನದಲ್ಲಿ ಚಪ್ಪಲಿ ಕಾಯುವವಳ ಹಾಗೆ.

ಕಿತ್ತಳೆ ಬಟ್ಟೆ ಹಾಸಿದ ಮೇಜಿನ ಮೇಲೆ ಈ ಹಬ್ಬದ ಕಾಲದ ಪುಸ್ತಕಗಳನ್ನೆಲ್ಲ ಹರಡಿದ್ದರು. ಬಾವಲಿ, ಕಾಡು, ಒಂದೇ ಕಿಟಕಿಯಲ್ಲಿ ದೀಪವಿರುವ ಮನೆ. ಎಲ್ಲ ಮುಖಪುಟವೂ ಒಂದೇ ತರಹ. ನಾನು ಪ್ರಶಸ್ತಿ ಬಂದಿದ್ದ ಒಂದನ್ನು ಎತ್ತಿ ಮಗಳ ಕೈಗೆ ಕೊಟ್ಟೆ. ಅವಳು ಹಿಂಬದಿ ಓದಿ, “ಅಮ್ಮಾ, ದಿಸ್ ಈಸ್ ಜಸ್ಟ್ ಸ್ಯಾಡ್” ಎಂದು ವಾಪಸು ಇಟ್ಟಳು. ಹೀಗೇ ನಾಲ್ಕೈದು ಆಯಿತು. ಕೊನೆಗೆ ಕುರ್ಚಿಯಿಂದ ಧ್ವನಿ ಬಂತು.

“ಪುಟ್ಟಿ, ನಲವತ್ತನೇ ಪುಟ ತೆಗಿ. ಮೊದಲನೇ ಪುಟದಲ್ಲಿ ಎಲ್ಲರೂ ಹೆದರಿಸ್ತಾರೆ. ನಲವತ್ತರಲ್ಲಿ ಯಾರಾದ್ರೂ ಬಾಗಿಲು ತಟ್ತಿದ್ದಾರಾ ನೋಡು.”

ಮಗಳು ಒಂದು ಪುಸ್ತಕ ತೆಗೆದುಕೊಂಡು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. “ನೋಬಡಿ ಈಸ್ ನಾಕಿಂಗ್, ಅಜ್ಜಿ. ಹೋಟೆಲಲ್ಲಿ ಸೂಪ್ ಕುಡೀತಿದ್ದಾರೆ.”

“ಯಾರು ಕೊಟ್ರು ಸೂಪು?”

“ದ ಕುಕ್.”

“ಎಲ್ಲರೂ ಕುಡೀತಿದ್ದಾರಾ, ಒಬ್ಬನೇನಾ?”

ಮಗಳು ಪುಟವನ್ನು ಇನ್ನೊಮ್ಮೆ ನೋಡಿದಳು. “ಜಸ್ಟ್ ಒನ್ ಗೈ.”

“ಹಾಗಾದ್ರೆ ತಗೋ” ಎಂದಳು ಚಿಕ್ಕಮ್ಮ.

ಕಥೆ ಹೀಗಿತ್ತು: ಹೆಪ್ಪುಗಟ್ಟಿದ ಸರೋವರದ ದಂಡೆಯ ಹಳೆಯ ಹೋಟೆಲು, ಹಿಮದಿಂದ ಮುಚ್ಚಿಹೋದ ರಸ್ತೆ, ಪ್ರತಿ ಬೆಳಿಗ್ಗೆ ಒಬ್ಬ ಅತಿಥಿ ಕಾಣೆ. ಸೋಮವಾರದಿಂದ, ಸ್ಕೂಲ್ ಬಸ್ ಬಂದ ಮೇಲೆ ನಾಲ್ಕು ಗಂಟೆಗೆ ಅಡುಗೆಮನೆಯ ಮೇಜಿನಲ್ಲಿ ಓದು ಶುರುವಾಯಿತು. ಚಿಕ್ಕಮ್ಮನಿಗೆ ಎಕ್ಸ್‌ಚೇಂಜಿನ ಇಂಗ್ಲಿಷ್ ಚೆನ್ನಾಗಿತ್ತು, ಮಗಳ ಇಂಗ್ಲಿಷ್ ವೇಗವಾಗಿತ್ತು. “ನಿಧಾನ, ನಿಧಾನ, ಲೈನ್ ಕಟ್ಟಾಗ್ತಿದೆ” ಎಂದು ಚಿಕ್ಕಮ್ಮ ಬೆರಳಿನಿಂದ ಮೇಜು ತಟ್ಟುತ್ತಿದ್ದಳು ಎಂದು ಮಗಳು ಆಮೇಲೆ ಹೇಳಿದಳು. ಇಪ್ಪತ್ತು ನಿಮಿಷವಾದ ಮೇಲೆ ಮಗಳು ಹಾಳೆಯ ಮೇಲೆ ಅವಳ ಬೆರಳನ್ನು ಇಟ್ಟು ಜಾಗ ತೋರಿಸುತ್ತಿದ್ದಳು, ಚಿಕ್ಕಮ್ಮ ಅಲ್ಲಿ ಕನ್ನಡದಲ್ಲಿ ಸಹಿ ಹಾಕುತ್ತಿದ್ದಳು.

ಬೋಲ್ಟನ್ನಿನ ಗೋದಾಮಿನಲ್ಲಿ ಕೆಲಸ ಮಾಡುವ ನನ್ನ ಗಂಡ ಸಂಜೆ ಬಂದು ಶೂ ಬಿಚ್ಚುತ್ತಲೇ ಕೇಳುತ್ತಿದ್ದರು. “ಚಿಕ್ಕಮ್ಮ, ಇವತ್ತು ಯಾರ್ಯಾರು ಹೋದ್ರು?”

“ನನಗೇನು ಗೊತ್ತಪ್ಪ? ಮಗುವಿನ ಹೋಂವರ್ಕು. ನಾನು ಹುರುಳಿಕಾಯಿ ನಾರು ತೆಗೀತಾ ಕೂತಿರ್ತೀನಿ.”

ಆ ಹೊತ್ತಿಗೆ ಆಫೀಸಿನಲ್ಲಿರುತ್ತಿದ್ದ ನಾನು ಅದನ್ನು ನಂಬಿದೆ. “ಚಿಕ್ಕಮ್ಮ ಸುಮ್ಮನೆ ಕೂತಿರುತ್ತಾಳೆ, ಕೇಳುತ್ತಿಲ್ಲ. ಇದೂ ಆಗಲಿಲ್ಲ” ಎಂದು ಆ ಗುರುವಾರದ ಡೈರಿಯಲ್ಲಿ ನನ್ನದೇ ಅಕ್ಷರದಲ್ಲಿದೆ. ನೆನಪನ್ನು ಅನುಮಾನಿಸಿ ಡೈರಿಯನ್ನು ನಂಬುವವಳು ನಾನು. ಆ ಸಾಲನ್ನು ಈಗ ಓದಿದಾಗ ಎರಡನ್ನೂ ಅನುಮಾನಿಸಬೇಕು ಅನಿಸುತ್ತದೆ.

ಮುಂದಿನ ಮಂಗಳವಾರ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಅಡುಗೆಮನೆಯಲ್ಲಿ ಓದು ನಡೆಯುತ್ತಿತ್ತು. ಪುಟ ತಿರುವಿದ ಸದ್ದು, ಆಮೇಲೆ ಮಗಳ ಕೂಗು.

“ಓ ಮೈ ಗಾಡ್! ಯಾರೋ ಇಲ್ಲಿ ಪೆನ್ಸಿಲಲ್ಲಿ ಬರ್ದಿದ್ದಾರೆ! ದೇ ವ್ರೋಟ್ ಹೂ ಡಿಡ್ ಇಟ್! ಅಜ್ಜಿ, ಇಟ್ಸ್ ದ—”

“ಹೇಳಬೇಡ!”

ತಟ್ಟೆ ಬಿದ್ದ ಸದ್ದಾಯಿತು. ನಾನು ಓಡಿ ಬಂದೆ. ಹುರುಳಿಕಾಯಿ ನೆಲದ ತುಂಬ ಹರಡಿತ್ತು. ಚಿಕ್ಕಮ್ಮ ಎದ್ದು ನಿಂತು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು. “ಒಂದಕ್ಷರ ಬಾಯಿಬಿಟ್ಟೆ ಅಂದ್ರೆ ನೋಡು! ಎಂಟು ದಿನದಿಂದ ಕಾಯ್ತಿದ್ದೀನಿ ನಾನು!”

ಎಂಟು ದಿನದಿಂದ ಎಂದಳು. ಮುಚ್ಚಿದ್ದೇನೆ ಎಂದ ಅಂಗಡಿಯನ್ನು ಅವಳು ಒಳಗಿನಿಂದ ಎಂಟು ದಿನ ನಡೆಸುತ್ತಿದ್ದಳು.

ಮಗಳು ಪೆಚ್ಚಾಗಿ ಆ ಪುಟವನ್ನು ನನಗೆ ತೋರಿಸಿದಳು. ಮಾರ್ಜಿನ್ನಿನಲ್ಲಿ ಒಂದು ಹೆಸರು, ಕೆಳಗೆ ಎರಡು ಗೆರೆ. ಚಿಕ್ಕಮ್ಮ ಕಿವಿಯಿಂದ ಕೈ ತೆಗೆದಳು.

“ಒಂದು ಚೀಟಿ ಅಂಟಿಸಿಬಿಡು ಪುಟ್ಟಿ, ನಿನ್ನ ಕಣ್ಣಿಗೂ ಬೀಳದ ಹಾಗೆ.”

ಮಗಳು ಹಳದಿ ಸ್ಟಿಕಿ ನೋಟ್ ತಂದಳು. ಚಿಕ್ಕಮ್ಮ ಅದನ್ನು ಬೆರಳಿನಿಂದ ಸವರಿ, “ಇದು ಉದುರಿಹೋಗುತ್ತೆ. ಎರಡು ಅಗುಳು ಅನ್ನ ತಾ” ಎಂದಳು.

“ಅಜ್ಜಿ! ಇಟ್ಸ್ ಎ ಲೈಬ್ರರಿ ಬುಕ್!”

“ನಿಮ್ಮಮ್ಮನಿಗೆ ನಾನು ಅಂಟಿಸಿದ್ದೂ ಲೈಬ್ರರಿ ಪುಸ್ತಕಕ್ಕೇ.”

ಆಗ ನೆನಪಾಯಿತು. ಅಥವಾ, ಅವಳು ಹೇಳಿದ್ದರಿಂದ ನೆನಪಾದಂತೆ ಅನಿಸಿತು; ಇವೆರಡರ ವ್ಯತ್ಯಾಸ ನನಗೆ ಇವತ್ತಿಗೂ ತಿಳಿಯುವುದಿಲ್ಲ. ಚಿಕ್ಕಮ್ಮ ಓದಿ ಮುಗಿಸಿದ ಪತ್ತೇದಾರಿ ಕಾದಂಬರಿ ನನ್ನ ಕೈಗೆ ಬರುವಾಗ ಮೊದಲ ಅಧ್ಯಾಯದ ಯಾವುದೋ ಪುಟದಲ್ಲಿ ಒಂದು ಚೀಟಿ ಅಂಟಿರುತ್ತಿತ್ತು. ಯಾರೋ ಕಿಡಿಗೇಡಿಗಳು ಕೊಲೆಗಾರನ ಹೆಸರು ಬರೆದಿದ್ದಾರೆ, ಕೀಳಬೇಡ ಎನ್ನುತ್ತಿದ್ದಳು. ನಾನು ಒಂದನ್ನೂ ಕೀಳಲಿಲ್ಲ. ಚೀಟಿಯ ಬಣ್ಣ ಮರೆತಿದ್ದೇನೆ. ಆದರೆ ಅದರ ಅಡಿಯಲ್ಲಿ ಒಣಗಿ ಗಟ್ಟಿಯಾದ ಅಗುಳು ಬೆರಳಿಗೆ ಸಿಗುತ್ತಿದ್ದುದು ಮಾತ್ರ ನಿಜ. ಅದಕ್ಕೆ ಸಾಕ್ಷಿ ಕೇಳಿದರೆ ಬೆರಳನ್ನೇ ತೋರಿಸುತ್ತೇನೆ.

ಕೊನೆಗೆ ಸ್ಟಿಕಿ ನೋಟೇ ಗೆದ್ದಿತು. ಅಕ್ಟೋಬರಿನ ಕೊನೆಯ ವಾರ ಪುಸ್ತಕ ಮುಗಿಯಿತು. ಪೆನ್ಸಿಲಿನಲ್ಲಿ ಬರೆದಿದ್ದ ಹೆಸರು ತಪ್ಪಾಗಿತ್ತು! ಅದನ್ನೇ ನಂಬಿ ಕಾಯುತ್ತಿದ್ದ ನಾನೂ ಮಗಳೂ ಮೋಸಹೋದೆವು. ಚಿಕ್ಕಮ್ಮ ಮಾತ್ರ ಎರಡು ದಿನ ಮುಂಚೆಯೇ ಸರಿಯಾದವರನ್ನು ಹಿಡಿದಿದ್ದಳು. “ಸೂಪು ಮಾಡಿದವರು ಒಬ್ಬರು, ತಂದುಕೊಟ್ಟವರು ಇನ್ನೊಬ್ಬರು. ಕಿವಿಗೊಟ್ಟು ಕೇಳ್ಬೇಕು” ಎಂದಳು. ಓದು ನನ್ನದು, ಕೇಳುವುದು ಆಫೀಸಿನದು ಎಂದವಳ ಬಾಯಿಂದ ಈ ಮಾತು ಬಂತು. ನಾನು ಎತ್ತಿ ತೋರಿಸಲಿಲ್ಲ.

ಮಗಳು ಸುಮ್ಮನಿರುವವಳಲ್ಲ. ಆ ಸಂಜೆಯೇ ವಿಚಾರಣೆಗೆ ಕೂತಳು. “ಅಜ್ಜಿ, ಅಮ್ಮನ ಬುಕ್ಸಲ್ಲಿ ನೇಮ್ಸ್ ಬರೀತಿದ್ದಿದ್ದು ಯಾರು?”

“ಯಾರೋ.”

“ನಿಮಗಿಂತ ಮೊದ್ಲು ಆ ಬುಕ್ಸ್ ಯಾರು ಓದ್ತಿದ್ರು?”

“ಯಾರೂ ಇಲ್ಲ” ಎಂದಳು ಚಿಕ್ಕಮ್ಮ ಹೆಮ್ಮೆಯಿಂದ. “ಹೊಸ ಪುಸ್ತಕ ಬಂದ್ರೆ ಲೈಬ್ರರಿಯವರು ಮೊದಲು ನನಗೇ ಎತ್ತಿಡ್ತಿದ್ರು.”

“ಅಷ್ಟೊಂದು ಬುಕ್ಸ್. ಓದಿರೋದು ಯಾವುದು ಅಂತ ಹೇಗೆ ಗೊತ್ತಾಗ್ತಿತ್ತು?”

“ಎಲ್ಲ ಒಂದೇ ತರ ಇರ್ತಿದ್ವಲ್ಲ, ಹೆಸರೂ ಅಂಥದ್ದೇ. ಓದಿದ್ದನ್ನೇ ಮತ್ತೆ ತರಬಾರದು ಅಂತ ನನ್ನದೊಂದು ಗುರುತು ಹಾಕಿಡ್ತಿದ್ದೆ.”

“ವಾಟ್ ಗುರುತು?”

ಚಿಕ್ಕಮ್ಮ ಒಲೆಯ ಕಡೆ ತಿರುಗಿದಳು. “ಹಾಲು ಉಕ್ಕುತ್ತಿದೆ ನೋಡು” ಎಂದಳು.

ಒಲೆಯ ಮೇಲೆ ಹಾಲು ಇರಲಿಲ್ಲ.

ಡಿಸೆಂಬರಿನಲ್ಲಿ ಅವಳು ಮೈಸೂರಿಗೆ ಹಿಂತಿರುಗಿದಳು, ಅಷ್ಟರಲ್ಲಿ ಇನ್ನೂ ಎರಡು ಪುಸ್ತಕ ಮುಗಿದಿದ್ದವು. ಓದು ನಿಂತಿಲ್ಲ. ಶನಿವಾರ ನಮಗೆ ಬೆಳಿಗ್ಗೆ, ಅವಳಿಗೆ ಸಂಜೆ. ಮಗಳು ಫೋನಿನಲ್ಲಿ ಓದುತ್ತಾಳೆ, ಈಗ ಸಹಿ ಕೇಳುವವರಿಲ್ಲದಿದ್ದರೂ. ಇಪ್ಪತ್ತು ನಿಮಿಷ ಯಾವಾಗಲೋ ಒಂದು ಗಂಟೆಯಾಗಿದೆ. ಎದುರುಮನೆಯ ಹುಡುಗಿಯಿಂದ ಒಂದು ಟ್ರಂಕು ವಾಪಸು ಬಂದಿದೆಯಂತೆ, ಹುಡುಗಿಯ ಸಮೇತ. ಬುಧವಾರ ಅವಳು ಕನ್ನಡದ್ದು ಓದುತ್ತಾಳೆ. “ಅವಳು ಸ್ವಲ್ಪ ತೊದಲ್ತಾಳೆ. ಆದ್ರೆ ದೆವ್ವ ಬಂದಾಗ ಅದೇ ಚೆನ್ನಾಗಿರುತ್ತೆ” ಎಂದು ಚಿಕ್ಕಮ್ಮ ವರದಿ ಕೊಟ್ಟಳು. ಕಣ್ಣು ಸುಧಾರಿಸಿಲ್ಲ, ಸುಧಾರಿಸುವುದೂ ಇಲ್ಲ. ಅದನ್ನು ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ.

ಈಗ ಮತ್ತೆ ಅಕ್ಟೋಬರ್. ಮೂಲೆಮನೆಯ ಅಸ್ಥಿಪಂಜರಕ್ಕೆ ಈ ವರ್ಷ ನಾಯಿಯೂ ಜೊತೆಯಾಗಿದೆ. ಹೋದ ಶನಿವಾರ ಲೈಬ್ರರಿಯ ಬಾಗಿಲ ಹತ್ತಿರದ ಅದೇ ಕುರ್ಚಿಯಲ್ಲಿ ನಾನು ಫೋನ್ ಹಿಡಿದು ಕೂತೆ. ಮಗಳು ಕಿತ್ತಳೆ ಮೇಜಿನಿಂದ ಒಂದೊಂದೇ ಪುಸ್ತಕ ತಂದು ನಲವತ್ತನೇ ಪುಟವನ್ನು ಮೆಲುದನಿಯಲ್ಲಿ ಓದುತ್ತಿದ್ದಳು. “ಬೇಡ” ಎನ್ನುತ್ತಿತ್ತು ಫೋನು. “ಇದೂ ಬೇಡ. ಬರೀ ಮಂಜು.” ಐದನೆಯದರಲ್ಲಿ ಒಬ್ಬಳು ಹೆಂಗಸು ಬೀಗ ಬದಲಾಯಿಸಿದ ಮನೆಯ ಹಳೆಯ ಬೀಗದಕೈಯನ್ನು ಜೋಪಾನವಾಗಿ ಒರೆಸಿ ಡಬ್ಬಿಯಲ್ಲಿಟ್ಟಳು.

“ತಗೋ, ತಗೋ!”

ಮಗಳು ಅದನ್ನು ಕೌಂಟರಿನಲ್ಲಿ ಬರೆಸಲು ಹೋದಾಗ ಫೋನಿನಲ್ಲಿ ನಾವಿಬ್ಬರೇ ಉಳಿದೆವು. ಒಂದು ವರ್ಷದಿಂದ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. ಅತ್ತ ಕಡೆ ಕುಕ್ಕರ್ ಕೂಗಿತು, ಈ ಸಲ ನಿಜವಾಗಿ. ಆಮೇಲೆ ಅವಳು, “ಮಗೂನ ಕರಿ, ಮೊದಲನೇ ಪುಟದಿಂದ ಶುರುಮಾಡಲಿ” ಎಂದಳು. ನಾನು ಕೇಳಿದ್ದು ಇಷ್ಟೇ.

“ಚಿಕ್ಕಮ್ಮ, ಚೀಟಿ ಕೆಳಗಿನ ಆ ಹೆಸರೆಲ್ಲ ಬರೀತಿದ್ದಿದ್ದು ನೀನೇ ಅಲ್ವಾ?”