ಗಾಜಿನ ತೊಟ್ಟಿಯ ಕೋಡಿ

ಗೌರಿಬಿದನೂರಿನ ಸಬ್‌ಸ್ಟೇಷನ್ನಿನಲ್ಲಿ ನಾನು ಆಪರೇಟರ್ ಆಗಿದ್ದೆ. ಊರಿಗೆ ಕರೆಂಟ್ ಕೊಡುವುದೂ ತೆಗೆಯುವುದೂ ನನ್ನ ಕೆಲಸ. ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು ಅವು; ಕೊಡುವುದಕ್ಕಿಂತ ತೆಗೆಯುವುದೇ ಹೆಚ್ಚಾಗಿತ್ತು. ಮೇಲಿನವರು ಫೋನಿನಲ್ಲಿ ಹೇಳುತ್ತಿದ್ದರು, ನಾನು ಹಿಡಿ ತಿರುಗಿಸುತ್ತಿದ್ದೆ, ಅರ್ಧ ಊರಿನ ಫ್ಯಾನುಗಳು ನಿಲ್ಲುತ್ತಿದ್ದವು. ಎರಡು ನಿಮಿಷ ಕಳೆಯುವಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಳ್ಳಲು ಶುರು. ಹಿಟ್ಟಿನ ಗಿರಣಿಯವನು, ಟೈಲರ್, ಮೊಮ್ಮಗುವನ್ನು ಈಗಷ್ಟೇ ಮಲಗಿಸಿದ ಅಜ್ಜಿ. ಅರ್ಧ ಜನ ಕನ್ನಡದಲ್ಲಿ, ಅರ್ಧ ಜನ ತೆಲುಗಿನಲ್ಲಿ, ಕೇಳುವುದೆಲ್ಲ ಒಂದೇ: ಕರೆಂಟ್ ಯಾವಾಗ ಬರುತ್ತೆ? ಗಂಟೆ ಹೇಳಿ ಆ ಗಂಟೆಗೆ ಬರದಿದ್ದರೆ ಬೈಸಿಕೊಳ್ಳುವವನು ನಾನೇ ತಾನೆ? ಬರುತ್ತೆ ಇರಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಫೋನ್ ಕುಕ್ಕುತ್ತಿದ್ದೆ.

ನನ್ನ ಮನೆಗೂ ಅದೇ ಲೈನಿನಿಂದಲೇ ಕರೆಂಟು. ಅಲ್ಲಿಂದ ಮಾತ್ರ ಒಂದು ದಿನವೂ ಫೋನ್ ಬಂದಿರಲಿಲ್ಲ. ಬರುವುದಾದರೂ ಹೇಗೆ? ಮನೆಯಲ್ಲಿದ್ದವು ಐದು ಮೀನು.

ಹೆಂಡತಿ ಚಿಂತಾಮಣಿಯಲ್ಲಿ ಟೀಚರ್. ಮಗಳು ಅವಳ ಜೊತೆಗಿದ್ದಳು. ಮದುವೆಯಾದ ಹೊಸತರಲ್ಲಿ ಇಬ್ಬರೂ ವರ್ಗಾವಣೆಗೆ ಅರ್ಜಿ ಹಾಕುತ್ತಿದ್ದೆವು. ಆಮೇಲೆ ಯಾರು ಮೊದಲು ನಿಲ್ಲಿಸಿದರೋ ನೆನಪಿಲ್ಲ, ಇನ್ನೊಬ್ಬರು ಯಾಕೆ ಅಂತ ಕೇಳಲಿಲ್ಲ. ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತೇನೋ ಎಂದು ಈಗ ಅನ್ನಿಸುತ್ತದೆ. ಮಗಳು ಮಾತ್ರ ರಜೆ ಬಂದರೆ ಬಸ್ಸು ಬದಲಾಯಿಸಿಕೊಂಡು ನನ್ನ ಹತ್ತಿರ ಬರುತ್ತಿದ್ದಳು. ಚಿಕ್ಕಬಳ್ಳಾಪುರದವರೆಗೆ ಅವಳಮ್ಮ ತಂದು ಬಿಡುತ್ತಿದ್ದಳು, ಅಲ್ಲಿಂದ ನಾನು ಕರೆತರುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಅವಳಮ್ಮನೂ ನಾನೂ ಒಂದೊಂದು ಕಾಫಿ ಕುಡಿಯುತ್ತಿದ್ದೆವು, ಅಷ್ಟೆ.

ಮೀನಿನ ತೊಟ್ಟಿ ಮಗಳ ಆಸೆ. ಒಂದು ಸಲ ಬಂದಾಗ ನೀರಿನ ಮೇಲೆ ಎಣ್ಣೆಯಂಥ ಪೊರೆ ಕಟ್ಟಿದ್ದನ್ನು ನೋಡಿ ಮುಖ ಸಿಂಡರಿಸಿದಳು. ಹಾಲಿನ ಕೆನೆ ತೆಗೆದ ಹಾಗೆ ಮೇಲಿನ ನೀರನ್ನು ತೆಗೆಯಬೇಕು, ಅದಕ್ಕೊಂದು ಓವರ್‌ಫ್ಲೋ ಮಾಡಬೇಕು ಎಂದು ನಾನು ವಿವರಿಸಿದೆ. ಹೆಚ್ಚಾದ ನೀರು ಪೈಪಿನಲ್ಲಿ ಕೆಳಗಿನ ಟಬ್ಬಿಗೆ ಇಳಿಯಬೇಕು, ಅಲ್ಲಿ ಜಲ್ಲಿ, ಸ್ಪಂಜುಗಳಲ್ಲಿ ಸೋಸಿದ ನೀರನ್ನು ಪಂಪು ಮತ್ತೆ ಮೇಲಕ್ಕೆ ತಳ್ಳಬೇಕು. ಹಾಗಾದರೆ ಅದು ಕೆರೆಗೆ ಇರೋ ಕೋಡಿ ಥರ ಎಂದಳು ಅವಳು. ಅಂದಿನಿಂದ ಅದು ಕೋಡಿಯೇ. ನಮ್ಮ ಕಡೆಯ ಕೆರೆಗಳು ಕೋಡಿ ಹರಿದು ಎಷ್ಟೋ ವರ್ಷವಾಗಿತ್ತು. ನಮ್ಮ ಮನೆಯಲ್ಲಾದರೂ ಹರಿಯಲಿ ಎಂದುಕೊಂಡೆ.

ತೊಟ್ಟಿ ಮಾಡಿಕೊಟ್ಟವನು ಚಿಕ್ಕಬಳ್ಳಾಪುರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಗಾಜಿನಂಗಡಿಯವನು. ಹಿಂದಿನ ಗಾಜಿಗೆ ತೂತು ಹಾಕಿ ಪೈಪು ಕೂರಿಸಿಬಿಡಿ, ಆಮೇಲೆ ಅದರ ಕಡೆ ತಿರುಗಿ ನೋಡಬೇಕಾಗಿಲ್ಲ ಎಂದು ಅವನು ಬುದ್ಧಿ ಹೇಳಿದ. ನೀರು ನಿಲ್ಲಬೇಕಾದ ಗಾಜಿಗೆ ಯಾರಾದರೂ ತೂತು ಹಾಕುತ್ತಾರೆಯೇ? ಊರಿಗೇ ಕರೆಂಟ್ ಕೊಡುವವನಿಗೆ ಇವನೇನು ಹೇಳಿಕೊಡುವುದು ಎಂಬ ಕೊಬ್ಬೂ ನನಗಿತ್ತು. ತೊಟ್ಟಿಯ ಅಂಚಿನ ಮೇಲೆ ಒಂದು ಪೈಪನ್ನು ಬಗ್ಗಿಸಿ ಕೂರಿಸಿದೆ. ಡ್ರಮ್ಮಿನಿಂದ ಸೀಮೆಎಣ್ಣೆ ತೆಗೆಯುವಾಗ ಬಾಯಲ್ಲಿ ಎಳೆದು ಬಿಡುತ್ತಾರಲ್ಲ, ಅದೇ ಉಪಾಯ. ನೀರು ಅಂಚು ಹತ್ತಿ ಇಳಿದು ಟಬ್ಬಿಗೆ ಬೀಳತೊಡಗಿದಾಗ ಮಗಳು ಚಪ್ಪಾಳೆ ತಟ್ಟಿದಳು.

ಅವಳು ಊರಿಗೆ ಹೋದ ವಾರ ಒಂದು ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಲೈನ್ ತೆಗೆದು ನಾಲ್ಕಕ್ಕೆ ಕೊಟ್ಟೆ. ಪಾಳಿ ಮುಗಿಸಿ ಬಂದು ಬಾಗಿಲು ತೆಗೆದರೆ ಹಾಲ್ ತುಂಬ ನೀರು, ಪಂಪು ಸುಟ್ಟ ವಾಸನೆ. ಆಗಿದ್ದಿಷ್ಟು. ಕರೆಂಟ್ ಹೋದಾಗ ಪಂಪು ನಿಂತಿದೆ, ನೀರು ಇಳಿದು ಪೈಪಿನ ಬಾಯಿ ಬಯಲಾಗಿದೆ, ಒಳಗೆ ಗಾಳಿ ಹೊಕ್ಕಿದೆ. ಕರೆಂಟ್ ಬಂದಾಗ ಪಂಪು ಟಬ್ಬಿನ ನೀರನ್ನೆಲ್ಲ ಮೇಲಕ್ಕೆ ತಳ್ಳಿ, ಟಬ್ಬು ಬರಿದಾದ ಮೇಲೂ ತಿರುಗಿ ಸುಟ್ಟಿದೆ. ಗಾಳಿ ಹೊಕ್ಕ ಪೈಪಿಗೆ ಮತ್ತೆ ಯಾರಾದರೂ ಬಾಯಿ ಹಾಕಿ ಎಳೆಯದೆ ನೀರು ಇಳಿಯುವುದಿಲ್ಲ. ಮನೆಯಲ್ಲಿ ಯಾರಿದ್ದರು? ಕರೆಂಟ್ ತೆಗೆದವನೂ ನಾನೇ, ಕೊಟ್ಟವನೂ ನಾನೇ. ಮಾಡಿದ್ದುಣ್ಣೋ ಮಹರಾಯ ಎಂದು ನೆಲ ಒರೆಸಿದೆ. ಹೊಸ ಪಂಪು ತಂದ ಮೇಲೆ ಡ್ಯೂಟಿಗೆ ಹೊರಡುವಾಗಲೆಲ್ಲ ಅದರ ಪ್ಲಗ್ ಕಿತ್ತು ಹೋಗುತ್ತಿದ್ದೆ.

ದಸರಾ ರಜೆಗೆ ಮಗಳು ಬಂದಳು. ಮನೆಯಲ್ಲಿ ಅವಳಿದ್ದಾಳೆಂದು ಪ್ಲಗ್ ಕೀಳಲಿಲ್ಲ. ಊಟಕ್ಕೆ ಪಕ್ಕದ ಮನೆಯ ಅಮ್ಮ ಕರೆಯುತ್ತಿದ್ದರು. ಮಧ್ಯಾಹ್ನ ಎಂದಿನಂತೆ ಲೈನ್ ತೆಗೆದೆ, ಫೋನು ಬಡಿದುಕೊಂಡಿತು, ಎಂದಿನ ಸಿಡುಕಿನಲ್ಲೇ ಹಲೋ ಅಂದೆ.

"ಅಪ್ಪ, ಕರೆಂಟ್ ಹೋಯ್ತು. ಯಾವಾಗ ಬರುತ್ತೆ?"

ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಎಷ್ಟು ಸಾವಿರ ಸಲ ಕೇಳಿಸಿಕೊಂಡಿದ್ದೆನೋ. ಆವತ್ತು ಫೋನ್ ಕುಕ್ಕಲಿಲ್ಲ. ನಮ್ಮ ಮನೆಯಲ್ಲೂ ಕರೆಂಟಿಗೆ ಕಾಯುವವರಿದ್ದಾರೆ ಎಂದು ಊರಿಗೆಲ್ಲ ಹೇಳಬೇಕೆನ್ನಿಸಿತು. ನಾಲ್ಕು ಗಂಟೆಗೆ ಸರಿಯಾಗಿ ಬರುತ್ತೆ ಎಂದೆ. ಯಾರಿಗೂ ಗಂಟೆ ಹೇಳದವನು ಹೇಳಿದೆ. ಪಂಪಿನ ಪ್ಲಗ್ ಕಿತ್ತಿಡು, ಕರೆಂಟ್ ಬಂದ ಮೇಲೆ ಹಾಕು, ನೀರು ಏರಿ ಪೈಪಿನ ಬಾಯಿ ಮುಳುಗಿದ ತಕ್ಷಣ ಪೈಪನ್ನು ಬಾಯಲ್ಲಿ ಎಳಿ ಎಂದು ಹೇಳಿಕೊಟ್ಟೆ. ಅರ್ಧ ಗಂಟೆಗೊಮ್ಮೆ ಅವಳು ಫೋನ್ ಮಾಡಿದಳು. ನಿಮ್ಮನೇಲೂ ಕಂಪ್ಲೇಂಟಾ ಸಾ ಎಂದು ಜೊತೆಯವನು ರೇಗಿಸಿದ. ಬೇಕಂತಲೇ ಗಟ್ಟಿಯಾಗಿ ಹೌದು ಕಣಪ್ಪ ಎಂದೆ. ನಾಲ್ಕು ಗಂಟೆಗೆ ಲೈನ್ ಕೊಟ್ಟ ಮೇಲೆ ಮತ್ತೆ ಫೋನು.

"ಬಂತಪ್ಪ. ಪೈಪ್ ಎಳ್ದೆ. ಸ್ವಲ್ಪ ಮೀನಿನ್ ನೀರು ಕುಡಿದ್ಬಿಟ್ಟೆ. ಕೋಡಿ ಹರೀತಿದೆ."

ಕರೆಂಟ್ ಹೋದಾಗ ಊರೆಲ್ಲ ಫೋನ್ ಮಾಡುತ್ತದೆ. ಬಂದಾಗ ಬಂತು ಎಂದು ತಿಳಿಸಿದವಳು ಅವಳೊಬ್ಬಳೇ. ರಜೆಯ ಆ ಹತ್ತು ದಿನ ಲೈನ್ ತೆಗೆಯಲು ಮೇಲಿನಿಂದ ಯಾವಾಗ ಹೇಳುತ್ತಾರೋ ಎಂದು ನಾನು ಕಾಯುತ್ತಿದ್ದೆ. ಊರಿನವರು ಕ್ಷಮಿಸಬೇಕು.

ವಾಪಸ್ಸು ಕರೆದೊಯ್ಯುವಾಗ ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ಮೀನಿನದೇ ಚಿಂತೆ ಮಾಡಿದಳು. ನೀನು ದಿನಾ ಪ್ಲಗ್ ಕಿತ್ತು ಹೋದರೆ ಅವಕ್ಕೆ ಕೊಳೆ ನೀರೇ ಗತಿ, ಒಂದು ದಿನ ಮರೆತರೆ ಮನೆಯೆಲ್ಲ ನೀರು; ಯಾರೂ ಇಲ್ಲದಿದ್ದರೂ ನಡೆಯುವ ಹಾಗೆ ಮಾಡು ಅಪ್ಪ ಎಂದಳು. ಮಾಡುತ್ತೇನೆ ಎಂದು ಮಾತು ಕೊಟ್ಟೆ. ಮುಂದಿನ ವಾರದ ರಜೆಯಲ್ಲಿ ಮೀನುಗಳನ್ನು ಬಕೆಟ್ಟಿಗೆ ಹಾಕಿ, ಖಾಲಿ ತೊಟ್ಟಿಗೆ ಗೋಣಿ ಸುತ್ತಿ, ಚಿಕ್ಕಬಳ್ಳಾಪುರದ ಬಸ್ ಹತ್ತಿದೆ. ಗಾಜಿನಂಗಡಿಯವನು ನಾನು ಬರುತ್ತೇನೆಂದು ಮೊದಲೇ ಗೊತ್ತಿದ್ದವನಂತೆ ನಕ್ಕ. ಹಿಂದಿನ ಗಾಜಿನಲ್ಲಿ, ಮೇಲಂಚಿನಿಂದ ನಾಲ್ಕು ಬೆರಳು ಕೆಳಗೆ, ತೂತು ಕೊರೆದು ರಬ್ಬರ್ ವಾಷರ್ ಸಮೇತ ಪೈಪು ಕೂರಿಸಿಕೊಟ್ಟ. ಮನೆಗೆ ತಂದು ನೀರು ತುಂಬಿ ಹತ್ತು ಸಲ ಪ್ಲಗ್ ಕಿತ್ತು ಹಾಕಿ ನೋಡಿದೆ. ಪಂಪು ನಿಂತರೆ ನೀರು ತೂತಿನ ಮಟ್ಟಕ್ಕೆ ಇಳಿದು ನಿಲ್ಲುತ್ತಿತ್ತು. ಪಂಪು ತಿರುಗಿದರೆ ತಾನೇ ಹರಿಯುತ್ತಿತ್ತು. ಒಂದು ತೊಟ್ಟೂ ಆಚೆ ಬೀಳಲಿಲ್ಲ.

ಬೇಸಿಗೆ ರಜೆಗೆ ಮಗಳು ಬಂದಳು. ಮರುದಿನ ಎರಡು ಗಂಟೆಗೆ ಲೈನ್ ತೆಗೆದು ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡೆ. ಗಿರಣಿಯವನು ಮಾಡಿದ, ಟೈಲರ್ ಮಾಡಿದ, ಯಾರೋ ತೆಲುಗಿನಲ್ಲಿ ಬೈದರು. ನಾಲ್ಕಾಯಿತು. ಲೈನ್ ಕೊಟ್ಟೆ. ಬಂತು ಎಂದು ಯಾರೂ ಹೇಳಲಿಲ್ಲ. ಮನೆಗೆ ಬಂದರೆ ಅವಳು ಚಾಪೆಯ ಮೇಲೆ ಬೋರಲು ಮಲಗಿ ಪುಸ್ತಕ ಓದುತ್ತಿದ್ದಳು. ಯಾಕಮ್ಮ ಫೋನ್ ಮಾಡಲಿಲ್ಲ ಎಂದು ಕೇಳಿದೆ.

"ಯಾಕ್ ಮಾಡ್ಬೇಕಪ್ಪ? ಅದೇ ನಿಂತ್ಕೊಳ್ತು, ಅದೇ ಶುರುವಾಯ್ತು. ಸೂಪರಾಗ್ ಮಾಡಿದ್ದೀಯ."

ಆ ತೂತಿಗೆ ಬಟ್ಟೆ ತುರುಕಿಬಿಡೋಣ ಎನ್ನಿಸಿದ್ದು ನಿಜ. ತುರುಕಲಿಲ್ಲ. ಅವಳಿಗೆ ಕಾಫಿ ಬೇಡವಾಗಿತ್ತು, ನನಗೊಬ್ಬನಿಗೇ ಮಾಡಿಕೊಂಡೆ.

ಮಾರನೆಯ ಮಧ್ಯಾಹ್ನ ಮತ್ತೆ ಲೈನ್ ತೆಗೆದೆ. ಊರಿನ ಫೋನುಗಳು ಶುರುವಾಗುವ ಮೊದಲೇ ರಿಸೀವರ್ ಎತ್ತಿ ನಾನೇ ಮನೆಯ ನಂಬರ್ ತಿರುಗಿಸಿದೆ. ಕರೆಂಟ್ ಹೋಯ್ತಾ ಎಂದು ಕೇಳಿದೆ.

"ಹೋಯ್ತಪ್ಪ," ಎಂದಳು ಮಗಳು. "ತೆಗ್ದಿದ್ದು ನೀನೇ ಅಲ್ವಾ?"

ನಾನೇ ಎಂದೆ. ನಾಲ್ಕು ಗಂಟೆಗೆ ಬರುತ್ತೆ ಎಂದೂ ಹೇಳಿದೆ. ಯಾವಾಗ ಬರುತ್ತೆ ಎಂದು ಅವಳು ಕೇಳಿರಲಿಲ್ಲ.