ಎಡಗಡೆಯ ಬೇಸ್

ರುಡಾಲ್ಫ್ ಕ್ರಾಸ್ತಾನಿಗೆ ತನ್ನ ಎಡಗಿವಿ ಹೋಯಿತೆಂದು ಖಚಿತವಾದದ್ದು ಕ್ರೈಸ್ತರ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದ ಹಿಂದಿನ ಸಂಜೆ, ನೈರೋಬಿಯ ಕಿಲೆಲೆಶ್ವಾದ ತನ್ನ ಫ್ಲ್ಯಾಟಿನ ಹಾಲಿನಲ್ಲಿ, ಟಿವಿಯ ಎದುರು ಕುಳಿತಿದ್ದಾಗ. ಖಚಿತವಾಯಿತು ಎಂದರೆ ಅವನೇ ಖಚಿತಪಡಿಸಿಕೊಂಡ. ವೈದ್ಯರನ್ನು ಕೇಳಲಿಲ್ಲ, ಹೆಂಡತಿಯನ್ನೂ ಕೇಳಲಿಲ್ಲ. ಐವತ್ತೈದು ದಾಟಿದ ಗಂಡಸರು ಬಹುಮಟ್ಟಿಗೆ ಹೀಗೆಯೇ ರೋಗನಿರ್ಣಯ ಮಾಡಿಕೊಳ್ಳುತ್ತಾರೆ.

ಅವನು ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ಲಾಸ್ಟಿಕ್ ಬಾಟಲಿ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಮ್ಯಾನೇಜರ್. ಮಂಗಳೂರಿನ ಕುಲಶೇಖರದಲ್ಲಿ ಹುಟ್ಟಿ, ಪಾಲಿಟೆಕ್ನಿಕ್ಕಿನಲ್ಲಿ ಓದಿ, ಮದುವೆಯಾದ ಮರುವರ್ಷ ನೈರೋಬಿಗೆ ಬಂದವನು. ಮಗಳು ಈಲೇನ್ ಹುಟ್ಟಿದ್ದು ಇಲ್ಲಿಯೇ. ಯಂತ್ರಗಳ ನಡುವೆ ಓಡಾಡುವಾಗ ಅವನು ಅರ್ಧ ಕೆಲಸವನ್ನು ಕಿವಿಯಿಂದಲೇ ಮಾಡುತ್ತಿದ್ದ. ಬೇರಿಂಗ್ ಸವೆದರೂ, ಬೆಲ್ಟ್ ಸಡಿಲವಾದರೂ ಮೊದಲು ತಿಳಿಯುವುದು ಕಿವಿಗೆ. ಆದರೂ ಕಿವಿಯ ಬಗ್ಗೆ ಅವನಿಗಿದ್ದ ಅಭಿಮಾನ ಕಾರ್ಖಾನೆಯಲ್ಲಿ ಹುಟ್ಟಿದ್ದಲ್ಲ. ಊರಿನಲ್ಲಿದ್ದಾಗ ಅವನು ನಾಲ್ವರ ಬ್ಯಾಂಡೊಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ಕ್ರೈಸ್ತರ ಮದುವೆಯೆಂದರೆ ಮದುಮಕ್ಕಳು ಹಾಲಿಗೆ ನಡೆದು ಬರುವಾಗ ಒಂದು ಹಾಡು, ಕೇಕ್ ಕತ್ತರಿಸುವಾಗ ಒಂದು, ಆಮೇಲೆ ಕುಣಿತ. ಬೇಸ್ ನುಡಿಸುವವನನ್ನು ಮದುವೆಗೆ ಬಂದವರು ಯಾರೂ ನೋಡುವುದಿಲ್ಲ. ಅವನು ನಿಲ್ಲಿಸಿದರೆ ಮಾತ್ರ ಕುಣಿಯುವವರ ಕಾಲು ತಪ್ಪುತ್ತದೆ. ಈ ಸ್ಥಾನ ರುಡಾಲ್ಫನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ನೈರೋಬಿಯಲ್ಲಿಯೂ ತಿಂಗಳಿಗೊಮ್ಮೆ ನಡೆಯುವ ಕೊಂಕಣಿ ಪೂಜೆಯಲ್ಲಿ ಗಾಯನ ತಂಡದ ಹಿಂದೆ ನಿಂತು ಅವನು ಬೇಸ್ ನುಡಿಸುತ್ತಿದ್ದ.

ಆ ನಾಲ್ವರು ಹುಡುಗರು ದೇವರ ನಂತರ ನಂಬಿದ್ದು ಒಂದು ಇಂಗ್ಲಿಷ್ ರಾಕ್ ಬ್ಯಾಂಡನ್ನು. ಅದರ ಹಳೆಯ ಕನ್ಸರ್ಟ್ ಫಿಲ್ಮಿನ ಡಿಸ್ಕ್ ಒಂದು ರುಡಾಲ್ಫನ ಬಳಿ ಇತ್ತು. ಉದ್ದಕೂದಲಿನ ನಾಲ್ಕು ಜನ, ಬೆವರು, ದೀಪ, ಹೊಗೆ, ಬೇರೆ ಕಥೆಯೇನೂ ಇಲ್ಲ. ಬೇಸ್ ನುಡಿಸುವವನು ವೇದಿಕೆಯ ಎಡಗಡೆಗೆ ಕಂಬದಂತೆ ನಿಂತಿರುತ್ತಾನೆ. ಆ ಕಾಲದ ಧ್ವನಿಮುದ್ರಣದ ಕ್ರಮದಂತೆ ಅವನ ವಾದ್ಯ ಕೇಳಿಸುವುದೂ ಎಡಗಡೆಯ ಸ್ಪೀಕರಿನಿಂದಲೇ. ಟಿವಿಯ ಉಳಿದ ಕಾರ್ಯಕ್ರಮಗಳಿಗೆ ಟಿವಿಯ ಸ್ವಂತ ದನಿ ಸಾಕಾಗಿತ್ತು. ಈ ಫಿಲ್ಮಿಗೆ ಮಾತ್ರ ಆಂಪ್ಲಿಫೈಯರ್ ಹೊತ್ತಿಕೊಳ್ಳುತ್ತಿತ್ತು, ಎರಡು ದೊಡ್ಡ ಸ್ಪೀಕರುಗಳಿಗೆ ಜೀವ ಬರುತ್ತಿತ್ತು. ವರ್ಷಕ್ಕೆ ಎರಡು ಸಲ ಅದರ ಪ್ರದರ್ಶನ ತಪ್ಪುತ್ತಿರಲಿಲ್ಲ: ತಪಸ್ಸುಕಾಲ ಆರಂಭವಾಗುವ ಹಿಂದಿನ ಸಂಜೆ ಒಮ್ಮೆ, ಈಸ್ಟರ್ ಊಟದ ನಂತರ ಒಮ್ಮೆ. ನಡುವಿನ ನಲವತ್ತು ದಿನ ಮನೆಯಲ್ಲಿ ಸಂಗೀತವಿಲ್ಲ. ರುಡಾಲ್ಫನ ತಾಯಿ ವಿಭೂತಿ ಬುಧವಾರದಂದು ರೇಡಿಯೋವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಡುತ್ತಿದ್ದರು. ಮಗ ಆಂಪ್ಲಿಫೈಯರಿನ ಮೇಲೆ ನೇರಳೆ ಬಣ್ಣದ ಬಟ್ಟೆ ಹೊದಿಸುತ್ತಿದ್ದ. ಮಾಂಸ ಬಿಡುವುದು ಅವನಿಗೆ ಕಷ್ಟವಲ್ಲ, ಇದು ಕಷ್ಟ. ಆದ್ದರಿಂದಲೇ ಅದನ್ನು ಬಿಡುತ್ತಿದ್ದ.

ಆ ವರ್ಷ ತಪಸ್ಸುಕಾಲಕ್ಕೆ ಮೊದಲಿನ ವಾರ ಎರಡು ಸಂಗತಿಗಳು ನಡೆದಿದ್ದವು. ಮೊದಲನೆಯದು, ಶನಿವಾರ ಮಂಗಳೂರಿನವರ ಸಂಘದ ಕುಣಿತದ ಕೂಟಕ್ಕೆ ರುಡಾಲ್ಫ್ ತನ್ನ ಸ್ಪೀಕರುಗಳನ್ನು ಕೊಟ್ಟು, ಭಾನುವಾರ ತಂದು ಮತ್ತೆ ಜೋಡಿಸಿದ್ದ. ಎರಡನೆಯದು, ಸೋಮವಾರ ಕಾರ್ಖಾನೆಯಲ್ಲಿ ಅವನು ಕಂಪ್ರೆಸರಿನ ಪಕ್ಕದಲ್ಲಿ ನಿಂತಿದ್ದಾಗ ಅದರ ಸೇಫ್ಟಿ ವಾಲ್ವ್ ಅವನ ಎಡಗಿವಿಗೆ ಮೊಳದಷ್ಟು ದೂರದಲ್ಲಿ ಸಿಡಿದು ತೆರೆಯಿತು. ಕಿವಿಗೆ ಹಾಕಬೇಕಾದ ಮಫ್ ಅವನ ಕೊರಳಲ್ಲಿ ನೇತಾಡುತ್ತಿತ್ತು. ಆ ದಿನವೆಲ್ಲ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಮಂಗಳವಾರ ಸಂಜೆ ಫಿಲ್ಮ್ ಹಾಕಿದಾಗ ಬಲಗಡೆಯಿಂದ ಗಿಟಾರ್ ಬಂತು, ಹಾಡುವವನ ದನಿ ಬಂತು, ಎಡಗಡೆ ಖಾಲಿ. ಪರದೆಯ ಮೇಲೆ ಬೇಸ್ ನುಡಿಸುವವನ ಬೆರಳು ಆಡುತ್ತಿತ್ತು, ಆದರೆ ಅವನ ಪಾಲಿನ ಒಂದು ಸ್ವರವೂ ಕೇಳಿಸಲಿಲ್ಲ. ಹೆಂಡತಿ ಕ್ಲೋಟಿಲ್ಡಾ ಅಡುಗೆಮನೆಯಲ್ಲಿದ್ದಳು, ಈಲೇನ್ ಗೆಳತಿಯ ಮನೆಯಲ್ಲಿ. ಎರಡು ಹಾಡು ಮುಗಿಯುವುದರೊಳಗೆ ರುಡಾಲ್ಫ್ ಎದ್ದು ಯಂತ್ರ ಆರಿಸಿ, ಬಟ್ಟೆ ಹೊದಿಸಿದ. ತಲೆನೋವು ಎಂದು ಹೆಂಡತಿಗೆ ಹೇಳಿದ.

ಮರುದಿನ ಹಣೆಗೆ ಬೂದಿ ಬಿತ್ತು. ಇನ್ನು ಈಸ್ಟರಿನವರೆಗೆ ಪರೀಕ್ಷೆ ಮಾಡಿ ನೋಡುವಂತಿಲ್ಲ. ಅವನಿಗೆ ಅದು ಒಂದು ಬಗೆಯ ಅನುಕೂಲವೂ ಆಯಿತು. ನೇಮ ಅನೇಕ ಸಲ ಧೈರ್ಯವಿಲ್ಲದವರಿಗೆ ಒಳ್ಳೆಯ ಮರೆ.

ಒಮ್ಮೆ ನಂಬಿದ ಮೇಲೆ ಸಾಕ್ಷಿಗೇನೂ ಕೊರತೆಯಾಗಲಿಲ್ಲ. ಫೋನನ್ನು ಅವನು ಬಲಗಿವಿಗೇ ಹಿಡಿಯತೊಡಗಿದ. ಎಡಗಿವಿಯನ್ನು ಬಳಸುವುದಿಲ್ಲವಾದ್ದರಿಂದ ಅದರಿಂದ ಏನೂ ಕೇಳಿಸಲಿಲ್ಲ. ಸಂಜೆಯ ಜಾಮಿನಲ್ಲಿ ಪಕ್ಕಕ್ಕೆ ಬಂದು ನಿಲ್ಲುವ, ಪ್ರಯಾಣಿಕರನ್ನು ಒಯ್ಯುವ ಮಟಾಟು ವ್ಯಾನುಗಳ ಹಾಡಿನ ಗುದ್ದು ಎದೆಗೆ ಬಂದು ಬೀಳುತ್ತಿತ್ತು. ಅದು ಕಿವಿಯ ಸಾಕ್ಷಿಯಲ್ಲ, ಎಲುಬಿನ ಸಾಕ್ಷಿ ಎಂದು ತಳ್ಳಿಹಾಕಿದ. ಈಸ್ಟರ್ ಪೂಜೆಗೆ ಬೇಸ್ ನುಡಿಸಲು ಆಗುವುದಿಲ್ಲ, ಕೆಲಸ ಹೆಚ್ಚು ಎಂದು ಗಾಯನ ತಂಡಕ್ಕೆ ಹೇಳಿ ಕಳಿಸಿದ. ಮಂಚದ ಕೆಳಗಿದ್ದ ಗಿಟಾರಿನ ಪೆಟ್ಟಿಗೆಯನ್ನು ಒಂದು ಭಾನುವಾರ ಹೊರಗೆಳೆದು, ತೆರೆಯದೆ, ಹಬ್ಬದ ನಂತರ ತಂಡಕ್ಕೇ ಕೊಟ್ಟುಬಿಡುವುದೆಂದು ತೀರ್ಮಾನಿಸಿ ಮತ್ತೆ ಒಳಗೆ ತಳ್ಳಿದ.

ಕಷ್ಟವಾದದ್ದು ಕಾರಿನಲ್ಲಿ. ನೈರೋಬಿಯಲ್ಲಿಯೂ ನಮ್ಮಲ್ಲಿರುವಂತೆ ಕಾರು ಓಡಿಸುವವನು ಬಲಗಡೆ, ಹೆಂಡತಿ ಎಡಗಡೆ. ಕ್ಲೋಟಿಲ್ಡಾ ವೆಸ್ಟ್‌ಲ್ಯಾಂಡ್ಸಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಬೆಳಿಗ್ಗೆ ಅವಳನ್ನು ಬಿಟ್ಟು ಹೋಗುವ ಹೊತ್ತೇ ದಂಪತಿಗಳ ಮಾತಿನ ಹೊತ್ತು. ಅವಳು ಏನು ಹೇಳಿದರೂ ಅರ್ಧ ತಪ್ಪಿಹೋಯಿತೆಂಬ ನಂಬಿಕೆಯಿಂದ ರುಡಾಲ್ಫ್ ಕತ್ತನ್ನು ಪೂರ್ತಿ ತಿರುಗಿಸಿ "ಆಂ?" ಎನ್ನುತ್ತಿದ್ದ. ರಸ್ತೆ ನೋಡಿ ಎಂದು ಅವಳು ಗದರುತ್ತಿದ್ದಳು.

ಅವಳು ಹೇಳುತ್ತಿದ್ದುದು ಮುಖ್ಯವಾಗಿ ಒಂದೇ ವಿಷಯ. ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಅವಳ ಅಣ್ಣನ ಮಗಳ ಮದುವೆ. ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ಗಂಗಾಧರ, ಈಗ ಕಂಕನಾಡಿಯಲ್ಲಿ ಹಾರ್ಡ್‌ವೇರ್ ಅಂಗಡಿಯವನು, ಉಳಿದಿಬ್ಬರನ್ನೂ ಹೇಗೋ ಹಿಡಿದು ತಂದಿದ್ದ. ಹಳೆಯ ನಾಲ್ವರೂ ರಿಸೆಪ್ಶನ್ನಿನಲ್ಲಿ ಅರ್ಧ ಗಂಟೆ ನುಡಿಸಬೇಕು, ರುಡಾಲ್ಫ್ ಒಪ್ಪಿದರೆ. ಮೊದಲ ಸಲ ಕೇಳಿದಾಗ ಅವನು "ಆಂ?" ಎಂದ. ಎರಡನೆಯ ಸಲ, ನೋಡುವ ಎಂದ. ಮೂರನೆಯ ಸಲ ಎದುರಿನ ಲಾರಿಯ ಬಗ್ಗೆ ಏನೋ ಹೇಳಿದ. ಕಿವುಡ ಬೇಸ್ ವಾದಕನನ್ನು ವೇದಿಕೆ ಹತ್ತಿಸಿ ಗಂಗಾಧರ ಏನು ಮಾಡಬೇಕು? ಆದರೆ ಬರುವುದಿಲ್ಲ ಎಂದರೆ ಕಾರಣ ಹೇಳಬೇಕು. ಗಂಡನಿಗೆ ತನ್ನ ತವರಿನವರ ಮದುವೆ ಬೇಡವಾಗಿದೆ ಎಂದು ಕ್ಲೋಟಿಲ್ಡಾ ಅರ್ಥ ಮಾಡಿಕೊಂಡು, ಈಸ್ಟರಿಗೆ ವಾರದ ಹಿಂದಿನ ಗರಿಗಳ ಭಾನುವಾರದಿಂದ ಆ ಮಾತನ್ನೇ ಬಿಟ್ಟಳು. ಅವಳ ಮೌನ ಮಾತ್ರ ಅವನಿಗೆ ಎರಡೂ ಕಿವಿಯಲ್ಲಿ ಚೆನ್ನಾಗಿ ಕೇಳಿಸಿತು.

ಈಸ್ಟರ್ ಊಟಕ್ಕೆ ಮೇಲಿನ ಮಹಡಿಯ ಉಮಾಶಂಕರ ಬಂದ. ಬ್ಯಾಂಕೊಂದರ ಕಂಪ್ಯೂಟರ್ ವಿಭಾಗಕ್ಕೆ ಬೆಂಗಳೂರಿನಿಂದ ಎರಡು ವರ್ಷದ ಮಟ್ಟಿಗೆ ಬಂದವನು, ಹೆಂಡತಿ ಅನುರಾಧಾ ಊರಿನಲ್ಲಿ. ಅವನಿಗೆಂದು ಕ್ಲೋಟಿಲ್ಡಾ ಇಡ್ಲಿಯಂಥ ಸನ್ನದ ಜೊತೆಗೆ ಕಡಲೆ ಗಸಿ ಮಾಡಿದ್ದಳು. ಉಳಿದವರಿಗೆ ಪೋರ್ಕ್ ಬಫಾತ್. ಉಮಾಶಂಕರ ಹಿಂದಿನ ವರ್ಷವೂ ಫಿಲ್ಮಿಗೆ ಕುಳಿತಿದ್ದ, ಮೂರನೆಯ ಹಾಡಿಗೇ ನಿದ್ರೆ ಹೋಗಿದ್ದ. ಆ ಗದ್ದಲದಲ್ಲಿ ನಿದ್ರಿಸಬಲ್ಲವನು ಪುಣ್ಯವಂತ ಎಂದು ಈಲೇನ್ ಅವನನ್ನು ಅಂದಿನಿಂದಲೂ ಕಾಡುತ್ತಿದ್ದಳು.

ಊಟ ಮುಗಿದ ಮೇಲೆ ಮಗಳು ನೇರಳೆ ಬಟ್ಟೆಯನ್ನು ತೆಗೆದು ಮಡಿಸಿದಳು. ರುಡಾಲ್ಫ್ ತಪ್ಪಿಸಿಕೊಳ್ಳಲು ನೋಡಿದ. ಹೊಟ್ಟೆ ಭಾರವಾಗಿದೆ, ನಾಳೆಯೂ ರಜೆಯಿದೆ ಎಂದ. ಯಾರೂ ಕೇಳಲಿಲ್ಲ. ಕೊನೆಗೆ ಅವನು ತಾನು ಯಾವಾಗಲೂ ಕೂರುವ ನಡುವಿನ ಕುರ್ಚಿಯನ್ನು ಉಪಚಾರದ ನೆವದಲ್ಲಿ ಅತಿಥಿಗೆ ಬಿಟ್ಟುಕೊಟ್ಟು, ತಾನು ಎಡಗಡೆಯ ಸ್ಪೀಕರಿನ ಪಕ್ಕಕ್ಕೆ ಬೆತ್ತದ ಮೋಢಾ ಎಳೆದುಕೊಂಡು ಕುಳಿತ. ಅಷ್ಟು ಹತ್ತಿರ ಕುಳಿತರೆ ಸ್ವಲ್ಪವಾದರೂ ಕೇಳಿಸೀತು ಎಂಬುದು ಅವನ ಲೆಕ್ಕ.

ಬ್ಯಾಂಡ್ ವೇದಿಕೆಗೆ ಬಂತು. ಜನ ಕೂಗಿದರು. ಕೂಗೆಲ್ಲ ಬಲಗಡೆಯಿಂದ ಬಂತು. ಬೇಸ್ ನುಡಿಸುವವನು ತನ್ನ ಜಾಗದಲ್ಲಿ ನಿಂತು ನುಡಿಸತೊಡಗಿದ. ರುಡಾಲ್ಫನ ಕಿವಿ ಸ್ಪೀಕರಿನ ಜಾಲರಿಗೆ ಗೇಣಿನಷ್ಟು ದೂರದಲ್ಲಿತ್ತು. ಏನೂ ಇಲ್ಲ. ಅವನು ಕೈಗಳನ್ನು ಮೊಣಕಾಲ ಮೇಲಿಟ್ಟು ಪರದೆಯನ್ನೇ ನೋಡುತ್ತ, ಗಿಟಾರಿನ ಪೆಟ್ಟಿಗೆಯನ್ನು ಬರುವ ಭಾನುವಾರವೇ ಕೊಟ್ಟುಬಿಡಬೇಕು ಎಂದುಕೊಂಡ.

ಆಗ ಉಮಾಶಂಕರ ಕಡ್ಡಿಯಿಂದ ಹಲ್ಲು ಕೆದಕಿಕೊಳ್ಳುವುದನ್ನು ನಿಲ್ಲಿಸಿ ಅವನತ್ತ ಬಾಗಿದ.

"ಸಾರ್, ನಿಮ್ಮ ಕಡೇದು ಬರ್ತಾನೇ ಇಲ್ವಲ್ಲ?"

ರುಡಾಲ್ಫ್ ತಿರುಗಿ, ಯಾವುದು ಎಂದು ಕೇಳಿದ.

"ಆ ಸ್ಪೀಕರ್ರು. ಹೋದ ವರ್ಷ ಅದೇ ನನ್ನ ತಲೆ ತಿಂದಿದ್ದು, ಗುಡುಗುಡು ಅಂತ. ಇವತ್ತು ಆರಾಮಾಗಿದೆ. ನಿದ್ದೆನೇ ಬರ್ತಿಲ್ಲ ನೋಡಿ."

ಈಲೇನ್ ಎದ್ದು ಬಂದು ಸ್ಪೀಕರಿನ ಮುಖಕ್ಕೆ ಅಂಗೈ ಒತ್ತಿದಳು. "ಡ್ಯಾಡಿ, ಇಟ್ಸ್ ಡೆಡ್," ಎಂದಳು.

ರುಡಾಲ್ಫ್ ಆಂಪ್ಲಿಫೈಯರನ್ನು ಆರಿಸಿ, ಮಂಡಿಯೂರಿ ಅದರ ಹಿಂದಕ್ಕೆ ಟಾರ್ಚ್ ಬಿಟ್ಟ. ಎಡಗಡೆಯ ತಂತಿ ಕ್ಲಿಪ್ಪಿನಲ್ಲಿ ಭದ್ರವಾಗಿಯೇ ಇತ್ತು. ಆದರೆ ಕ್ಲಿಪ್ಪು ಕಚ್ಚಿ ಹಿಡಿದದ್ದು ತಾಮ್ರವನ್ನಲ್ಲ, ಮೇಲಿನ ಪ್ಲಾಸ್ಟಿಕ್ ಸಿಪ್ಪೆಯನ್ನು. ಕುಣಿತದ ಕೂಟದಿಂದ ಸ್ಪೀಕರು ತಂದ ಭಾನುವಾರ, ಊಟಕ್ಕೆ ಕರೆಯುತ್ತಿದ್ದಾರೆಂದು ಅವಸರದಲ್ಲಿ ಅದನ್ನು ಸಿಕ್ಕಿಸಿದವನು ಅವನೇ. ಕಾರ್ಖಾನೆಯಲ್ಲಿ ಹೊಸದಾಗಿ ಸೇರಿದವನು ಇಂಥ ಕೆಲಸ ಮಾಡಿದ್ದರೆ ಮೂರು ದಿನ ಮಾತು ಕೇಳುತ್ತಿದ್ದ. ರುಡಾಲ್ಫ್ ಹಲ್ಲಿನಿಂದಲೇ ಸಿಪ್ಪೆ ಸುಲಿದು, ತಾಮ್ರದ ಎಳೆಗಳನ್ನು ಹುರಿಗೊಳಿಸಿ ಒಳಗೆ ತೂರಿಸಿ, ಆಂಪ್ಲಿಫೈಯರನ್ನು ಮತ್ತೆ ಹೊತ್ತಿಸಿದ.

ಬೇಸ್ ಬಂತು. ಸ್ಪೀಕರಿನ ಮೇಲಿದ್ದ ಲೋಟ ನಡುಗಿತು. ರುಡಾಲ್ಫ್ ನೆಲದಿಂದ ಏಳಲಿಲ್ಲ. ಬಲಗಿವಿಯನ್ನು ಬೆರಳಿನಿಂದ ಮುಚ್ಚಿ ಕೇಳಿದ, ತೆಗೆದು ಕೇಳಿದ, ಮತ್ತೆ ಮುಚ್ಚಿ ಕೇಳಿದ. ಎಡಗಿವಿಯೊಂದರಿಂದಲೇ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಇದನ್ನು ಕ್ಲೋಟಿಲ್ಡಾ ನೋಡುತ್ತಿದ್ದಳು. ಗಣಿತದ ಟೀಚರಿಗೆ ಎರಡು ಹೆಜ್ಜೆ ಸಾಲುವಲ್ಲಿ ಮೂರು ಬೇಕಾಗುವುದಿಲ್ಲ. ಆ ಮಂಗಳವಾರದ ತಲೆನೋವಿನಿಂದ ಹಿಡಿದು ಎಲ್ಲವನ್ನೂ ಅವಳು ಕೇಳಿ ತೆಗೆದಳು. ಅವನು ಹೇಳಿದ.

ಎಲ್ಲರಿಗಿಂತ ಹೆಚ್ಚು ಬೆರಗಾದವನು ಉಮಾಶಂಕರ. "ಅಲ್ಲ ಸಾರ್, ಆಮೇಲೊಂದ್ಸಲ ಹಾಕಿ, ಕುರ್ಚಿ ತಿರುಗಿಸಿ ಟಿವಿಗೆ ಬೆನ್ನು ಹಾಕಿ ಕೂತಿದ್ರೆ ಗೊತ್ತಾಗ್ತಿತ್ತಲ್ಲ? ಕಿವಿ ಹೋಗಿದ್ರೆ ಸೌಂಡು ಬಲಕಿವಿಗೇ ಬರಬೇಕು. ಸ್ಪೀಕರ್ ಹೋಗಿದ್ರೆ ಎಡಕಿವಿಗೆ ಬರುತ್ತೆ."

"ಮರುದಿವಸ ಬೂದಿ ಬುಧವಾರ, ಮಾರಾಯ್ರೆ," ಎಂದ ರುಡಾಲ್ಫ್. "ಮತ್ತೆ ಹಾಕ್ಲಿಕ್ಕಿಲ್ಲ."

"ಒಂದು ನಿಮಿಷಕ್ಕೂನಾ?"

"ಒಂದು ನಿಮಿಷಕ್ಕೂ."

ಉಮಾಶಂಕರ ತನ್ನ ಅತ್ತೆ ಏಕಾದಶಿಯ ದಿನ ಮಾತ್ರೆ ನುಂಗುವುದಕ್ಕೂ ನೀರು ಕುಡಿಯುವುದಿಲ್ಲ ಎಂದು ನೆನಪಿಸಿಕೊಂಡು, ಆಗಲಿ ಬಿಡಿ ಎಂದ.

ಫಿಲ್ಮನ್ನು ಮೊದಲಿನಿಂದ ಹಾಕಿದರು. ಅತಿಥಿ ಈ ಸಲ ಎರಡನೆಯ ಹಾಡಿಗೇ ಮಲಗಿದ. ಈಲೇನ್ ಫೋನಿನಲ್ಲಿ ಅವನ ಫೋಟೋ ತೆಗೆದಳು. ಡ್ರಮ್ಸಿನವನೊಬ್ಬನೇ ಬಾರಿಸುವ ದೀರ್ಘ ಭಾಗ ಬಂದಾಗ ಕ್ಲೋಟಿಲ್ಡಾ ಗಂಡನ ಎಡಗಡೆಗೆ ಬಂದು ಕುಳಿತಳು.

"ಹಾಗಾದ್ರೆ ಕಾರಲ್ಲಿ ನಾನು ಹೇಳಿದ್ದೆಲ್ಲ ನಿಮಗೆ ಕೇಳ್ತಾ ಇತ್ತು," ಎಂದಳು. ದನಿ ಏರಿಸಲಿಲ್ಲ.

ರುಡಾಲ್ಫ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಕೇಳ್ತಾ ಇತ್ತು. ಕೇಳ್ತಾ ಇಲ್ಲ ಅಂತ ನಾನು ಅಂದುಕೊಂಡದ್ದು."

"ಗಂಗಾಧರನ ವಿಷಯ?"

"ಅದು ಸಹ ಕೇಳಿತು."

"ಒಳ್ಳೇದಾಯ್ತು. ಹೋದ ವಾರವೇ ಅವನಿಗೆ ಹೂಂ ಅಂತ ಹೇಳಿ ಆಗಿದೆ. ನೀವು ಬಾಯಿ ಬಿಡುವಾಗ ಹುಡುಗಿಗೆ ಮಕ್ಕಳಾಗ್ತವೆ."

ರುಡಾಲ್ಫ್ ನಕ್ಕ. ನಲವತ್ತು ದಿನದಲ್ಲಿ ಅದು ಮೊದಲನೆಯದೋ ಏನೋ, ಕೆಮ್ಮಿನ ಹಾಗೆ ಹೊರಟಿತು. ಉಮಾಶಂಕರ ನಿದ್ರೆಯಲ್ಲಿಯೇ ಒಮ್ಮೆ ಕಣ್ಣು ತೆರೆದು ಮುಚ್ಚಿದ.

ಆದರೂ ಕ್ಲೋಟಿಲ್ಡಾ ಅಷ್ಟಕ್ಕೇ ಬಿಡುವವಳಲ್ಲ. ಅದೇ ವಾರ ಅವನನ್ನು ನ್ಗಾರಾದಲ್ಲಿರುವ ಕಿವಿಯ ವೈದ್ಯರ ಬಳಿಗೆ ಕರೆದೊಯ್ದಳು. ವೃದ್ಧ ಗುಜರಾತಿ ವೈದ್ಯರು ಎರಡೂ ಕಿವಿಗಳನ್ನು ಪರೀಕ್ಷಿಸಿ, ಸಣ್ಣ ತೀಕ್ಷ್ಣ ದನಿಗಳು ಎರಡರಲ್ಲಿಯೂ ಸಮನಾಗಿ ಒಂದಿಷ್ಟು ಕಡಿಮೆಯಾಗಿವೆ, ಇಷ್ಟು ವರ್ಷ ಯಂತ್ರಗಳ ನಡುವೆ ದುಡಿದವನಿಗೆ ಇದು ಸಹಜ, ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕಾದರೆ ಮಫ್ ಕೊರಳಿಗಲ್ಲ ಕಿವಿಗೆ ಎಂದರು. ತಗ್ಗಿನ ಸ್ವರಗಳಿಗೆ ಏನೂ ಆಗಿಲ್ಲ ಎಂದದ್ದನ್ನು ರುಡಾಲ್ಫ್ ಎರಡು ಸಲ ಹೇಳಿಸಿಕೊಂಡ.

ಹಿಂತಿರುಗುವಾಗ ಎಂದಿನ ಜಾಮ್. ಎಡಗಡೆಯಿಂದ ಕ್ಲೋಟಿಲ್ಡಾ, ಹಾಗಾದರೆ ಗಿಟಾರನ್ನು ವಿಮಾನದಲ್ಲಿ ಒಯ್ಯುವುದೋ, ಅಥವಾ ಅಲ್ಲಿಯೇ ಗಂಗಾಧರ ಒಂದನ್ನು ಹುಡುಕಿಡಬೇಕೋ ಎಂದು ಕೇಳಿದಳು. ರುಡಾಲ್ಫ್ ಕತ್ತು ತಿರುಗಿಸಲಿಲ್ಲ. ರಸ್ತೆಯನ್ನೇ ನೋಡುತ್ತ, ತನ್ನದನ್ನೇ ಒಯ್ಯುವುದು, ತಂತಿ ಮಾತ್ರ ಹೊಸದು ಹಾಕಬೇಕು ಎಂದು ಮೊದಲ ಸಲಕ್ಕೇ ಉತ್ತರ ಕೊಟ್ಟ.