ನರ್ಸಬಾಯಿಯ ಎಡಗೈ

ಬೆಳಿಗ್ಗೆ ಎದ್ದಾಗ ಅವರ ಬೆರಳುಗಳು ಒಳಕ್ಕೆ ಮಡಚಿಕೊಂಡಿರುತ್ತಿದ್ದವು. ಗೆಣ್ಣುಗಳು ಹಸಿ ಅರಿಶಿಣದ ಬೇರಿನ ಹಾಗೆ ಊದಿ ಹೊಳೆಯುತ್ತಿದ್ದವು. ಮಗಳು ಅಗಲವಾದ ಬೋಗುಣಿಯಲ್ಲಿ ಬಿಸಿನೀರು ತಂದು ಕಟ್ಟೆಯ ಮೇಲೆ ಇಡುತ್ತಿದ್ದಳು. ಎರಡೂ ಕೈ ಅದರಲ್ಲಿ ಮುಳುಗಿಸಿ, ನೀರು ಆರುವ ತನಕ ಅವರು ಸುಮ್ಮನೆ ಕೂತಿರುತ್ತಿದ್ದರು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಆಮೇಲೆ ಕೈ ಒರೆಸಿಕೊಂಡು, ಬೂದು ಬಣ್ಣದ ಬಿಗಿಯಾದ ಕೈಗವಸು ಹಾಕಿಕೊಳ್ಳುತ್ತಿದ್ದರು. ಬೆರಳ ತುದಿಗಳು ಮಾತ್ರ ಹೊರಗೆ, ಮೇಲೆ ಮಣಿಕಟ್ಟು ದಾಟಿ ಬರುವಂಥದು. ಅದನ್ನು ಏರಿಸುವುದೇ ಒಂದು ಸಾಹಸ. ಒಂದು ಕೈಗೆ ಮಗಳು ನೆರವಾದರೆ, ಇನ್ನೊಂದನ್ನು ಹಲ್ಲಿನಿಂದ ಕಚ್ಚಿ ಎಳೆದುಕೊಳ್ಳುತ್ತಿದ್ದರು.

ಗೋಳಗುಮ್ಮಟದ ಹಿಂದಿನ ನಮ್ಮ ಓಣಿಯಲ್ಲಿ ಎಲ್ಲರಿಗೂ ಅವರು ನರ್ಸಬಾಯಿ. ನಮ್ಮ ಎದುರು ಮನೆ. ದಿನಾ ಬಸ್ಸು ಹಿಡಿದು ಬಬಲೇಶ್ವರದ ಕಡೆಯ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು. ಸಂಧಿವಾತ ಹಿಡಿದು ಬಹಳ ವರ್ಷಗಳಾಗಿದ್ದವು. ಗವಸು ರೋಗ ಕಳೆಯುವುದಿಲ್ಲ, ಊತ ಅದುಮಿ ಕೈಯನ್ನು ಬೆಚ್ಚಗಿಡುತ್ತದೆ ಅಷ್ಟೇ ಎಂದು ಎಲುಬಿನ ಡಾಕ್ಟರು ಮೊದಲೇ ಹೇಳಿದ್ದರಂತೆ. ಬಸ್ಸಿನ ಕಂಡಕ್ಟರ್ ಗವಸು ನೋಡಿ, ಬಾಯಾರ, ಮೋಟಾರ್ ಸೈಕಲ್ ಎಲ್ಲಿ ನಿಲ್ಲಿಸಿ ಬಂದ್ರಿ ಎಂದು ಕೇಳುತ್ತಿದ್ದ. ನಿನ್ನ ಬಸ್ಸು ಕೆಟ್ಟ ದಿನ ಬೇಕಾಗತೈತಿ ಅಂತ ಮನ್ಯಾಗ ಇಟ್ಟೇನಿ ಎನ್ನುತ್ತಿದ್ದರು ಇವರು.

ಕಾಲೇಜಿಗೆ ಪಾಠ ಹೇಳಲು ಹೊರಡುವ ಮುನ್ನ ನಾನು ಅವರ ಕಟ್ಟೆಯ ಮೇಲೆ ಎರಡು ಮಾತಾಡಿ ಹೋಗುವುದು ವಾಡಿಕೆಯಾಗಿತ್ತು. ಮಗಳು ಊರಿನಲ್ಲಿಲ್ಲದ ದಿನ ಗವಸು ಏರಿಸುವ ಕೆಲಸ ನನ್ನದು. ಏರಿಸಿದ ಮೇಲೆ ಅವರು ಒಂದು ಬೆರಳು ಮುಂದೆ ಚಾಚುತ್ತಿದ್ದರು. ಉಗುರನ್ನು ಒತ್ತಿ ಬಿಡಬೇಕು. ಒತ್ತಿದಾಗ ಬೆಳ್ಳಗಾಗುತ್ತದೆ, ಬಿಟ್ಟ ಕೂಡಲೇ ಕೆಂಪು ಮರಳಬೇಕು. ತಡವಾದರೆ ಗವಸು ಅತಿ ಬಿಗಿಯಾಗಿದೆ, ರಕ್ತ ಹರಿಯುತ್ತಿಲ್ಲ ಎಂದರ್ಥ. ಮನುಷ್ಯಾರ ಲೆಕ್ಕ ಎಲ್ಲಾ ಉಗುರಿನಾಗ ಐತಿ ನೋಡಬೇ ಎನ್ನುತ್ತಿದ್ದರು. ಆಗ ನಾನು ಅದನ್ನು ಆಟದ ಹಾಗೆ ಕಲಿತೆ.

ಅವರು ಎಡಚರು. ಸೂಜಿಯನ್ನೂ ಎಡಗೈಯಿಂದಲೇ ಚುಚ್ಚುತ್ತಿದ್ದರು. ಹಳ್ಳಿಗಳಲ್ಲಿ ಇದಕ್ಕೆ ಆಡಿಕೊಳ್ಳುವವರು ಇದ್ದೇ ಇದ್ದರು. ಗವಸು ಬಂದ ಮೇಲೆ ಇನ್ನೊಂದು ಮಾತು ಸೇರಿಕೊಂಡಿತು: ಕೈಗೆ ಏನೋ ಹತ್ತಿದೆ, ಮುಚ್ಚಿಡುತ್ತಾಳೆ.

ನನ್ನ ತಂಗಿಯನ್ನು ಕೊಟ್ಟದ್ದು ಬಬಲೇಶ್ವರದ ಹತ್ತಿರದ ಹಳ್ಳಿಗೆ, ದ್ರಾಕ್ಷಿ ತೋಟದ ಮನೆತನ. ಮೊದಲ ಬಾಣಂತನ ತವರಿನಲ್ಲಿ ಆಗಿತ್ತು, ಎರಡನೆಯದು ಅಲ್ಲೇ ಆಗಲಿ ಎಂದರು. ನಾನು ರಜೆ ಹಾಕಿ ಹೋಗಿದ್ದೆ. ನೋವು ಸುರುವಾಗಿ ಆಸ್ಪತ್ರೆಗೆ ಹೋದಾಗ ಬಾಗಿಲಲ್ಲಿ ನಮ್ಮ ನರ್ಸಬಾಯಿಯೇ ನಿಂತಿದ್ದರು. ನನಗೆ ಜೀವ ಬಂದ ಹಾಗಾಯಿತು. ತಂಗಿಯ ಅತ್ತೆಯ ಕಣ್ಣಿಗೆ ಮಾತ್ರ ಗವಸು ಬಿತ್ತು.

“ಈಕಿ ಕೈಯಾಗ ನಮ್ಮ ಕೂಸು ಬ್ಯಾಡ. ಕೈಗೆ ಏನ ಹತ್ತೇತೋ ಏನೋ. ಅದೂ ಎಡಗೈ” ಎಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆ.

ನರ್ಸಬಾಯಿ ಎರಡೂ ಗವಸು ಕಳಚಿ, ಊದಿದ ಕೈಗಳನ್ನು ಅವರ ಮುಂದೆ ಹಿಡಿದರು.

“ಮುಟ್ಟಿ ನೋಡ್ರಿ. ಇದು ಇನ್ನೊಬ್ಬರಿಗೆ ಹತ್ತೂದಲ್ಲ. ನನ್ನ ಬಿಡೂದೂ ಅಲ್ಲ.”

ಅತ್ತೆ ಮುಟ್ಟಲಿಲ್ಲ. ನರ್ಸಬಾಯಿ ಕೈ ತೊಳೆಯಲು ಒಳಗೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಸುಸೂತ್ರವಾಗಿ ಹುಟ್ಟಿತು. ನಾವು ಪೇಢೆಯ ಮಾತಾಡುತ್ತಿದ್ದೆವು. ಅಷ್ಟರಲ್ಲಿ ಒಳಗೆ ಓಡಾಟದ ಸದ್ದು ಬೇರೆಯಾಯಿತು. ಮಾಸು ಬಿದ್ದ ಮೇಲೆ ರಕ್ತ ನಿಲ್ಲುತ್ತಿರಲಿಲ್ಲ. ಡಾಕ್ಟರು ಸೂಜಿ ಕೊಟ್ಟರು, ಸಲೈನ್ ಏರಿಸಿದರು, ಕಡಿಮೆಯಾಗಲಿಲ್ಲ. ರಕ್ತ ಕೊಡಬೇಕು, ಬೇಕಾದರೆ ಆಪರೇಷನ್ ಮಾಡಬೇಕು, ತಕ್ಷಣ ವಿಜಯಪುರಕ್ಕೆ ಒಯ್ಯಿರಿ ಎಂದರು. ಕೂಸನ್ನು ಅತ್ತೆ ಎತ್ತಿಕೊಂಡರು. ಆಂಬುಲೆನ್ಸಿನಲ್ಲಿ ತಂಗಿಯ ಜೊತೆ ನಾನು ಮತ್ತು ನರ್ಸಬಾಯಿ.

ಹೆರಿಗೆ ಮುಗಿಯಿತೆಂದು ಅವರು ಆಗಷ್ಟೇ ಮತ್ತೆ ಗವಸು ಹಾಕಿಕೊಂಡಿದ್ದರು. ಅವನ್ನು ಹಲ್ಲಿನಿಂದ ಎಳೆದು ನನ್ನ ಉಡಿಗೆ ಎಸೆದರು. ಮೊಣಕೈವರೆಗಿನ ರಬ್ಬರ್ ಗವಸು ತೊಟ್ಟು, ಸ್ಟ್ರೆಚರಿನ ಕಾಲ ಬಳಿ ಮೊಣಕಾಲೂರಿದರು. ಎಡಗೈಯನ್ನು ಮುಷ್ಟಿ ಮಾಡಿ ಒಳಗಿನಿಂದ ಗರ್ಭಕೋಶಕ್ಕೆ ಒತ್ತಿ, ಬಲಗೈಯಿಂದ ಹೊಟ್ಟೆಯ ಮೇಲಿಂದ ಅದುಮಿ ಹಿಡಿದರು. ಎರಡು ಕೈಗಳ ನಡುವೆ ಗರ್ಭಕೋಶವನ್ನು ಹಿಂಡಿ ಹಿಡಿದರೆ ರಕ್ತ ನಿಲ್ಲುತ್ತದೆ, ಹಿಡಿತ ಸಡಿಲಿಸುವ ಹಾಗಿಲ್ಲ ಎಂದಷ್ಟೇ ನನಗೆ ಹೇಳಿದರು. ಬೆಳಿಗ್ಗೆ ಹಾಲಿನ ಪಾಕೀಟು ಹರಿಯಲಾರದ ಕೈಗಳು ಅವು.

ಆ ದಾರಿ ನನ್ನ ತಲೆಯಲ್ಲಿ ಈಗಲೂ ಮೊದಲಿನಿಂದ ಸುರುವಾಗುತ್ತದೆ. ಎರಡೂ ಕಡೆ ಬಿಳಿಜೋಳದ ಹೊಲ. ಯಾವುದೋ ಟ್ರ್ಯಾಕ್ಟರ್ ದಾರಿ ಬಿಡುವುದಿಲ್ಲ. ತಂಗಿ ನೀರು ಕೇಳುತ್ತಾಳೆ, ಆಮೇಲೆ ಕೇಳುವುದನ್ನು ನಿಲ್ಲಿಸುತ್ತಾಳೆ.

“ಉಗುರು ಒತ್ತಿ ನೋಡಬೇ” ಎಂದರು.

ತಂಗಿಯ ಬೆರಳು ಹಿಡಿದು ಒತ್ತಿದೆ, ಬಿಟ್ಟೆ. ಬೆಳ್ಳಗಾದದ್ದು ಬೆಳ್ಳಗೇ ಉಳಿಯಿತು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ಹೊಟ್ಟೆಯ ಮೇಲಿನ ಅವರ ಬಲಗೈ ಸೋಲತೊಡಗಿತ್ತು.

“ನನ್ನ ಕೈ ಮ್ಯಾಲ ನಿನ್ನ ಕೈ ಇಟ್ಟ ಒತ್ತು.”

ಇಟ್ಟೆ. ನನ್ನ ಅಂಗೈಯ ಕೆಳಗೆ ಅವರ ಗೆಣ್ಣುಗಳು ಕಲ್ಲಿನ ಹಾಗೆ ಸಿಕ್ಕವು. ನೋವಾದೀತೆಂದು ಹಗುರಾಗಿ ಹಿಡಿದಿದ್ದೆ.

“ಬ್ಯಾನಿ ನಂದೈತಿ. ನೀ ಒತ್ತು. ನನ್ನ ಮಾರಿ ನೋಡಬ್ಯಾಡ, ತಂಗಿ ಮಾರಿ ನೋಡು. ಆಕಿನ್ನ ಮಾತಾಡಸು.”

ನನ್ನ ಮೈಭಾರವನ್ನೆಲ್ಲ ಆ ಕೈಯ ಮೇಲೆ ಹಾಕಿದೆ. ತಂಗಿಗೆ ಏನೇನೋ ಹೇಳಿದೆ, ಸಣ್ಣವರಿದ್ದಾಗ ಗುಮ್ಮಟದೊಳಗೆ ಅವಳ ಹೆಸರು ಕೂಗಿದರೆ ಅದು ಸುತ್ತಿ ಸುತ್ತಿ ಬರುತ್ತಿದ್ದದ್ದು, ಅವಳು ಹೆದರಿ ಅತ್ತದ್ದು. ಅವಳು ಕಣ್ಣು ತೆರೆಯಲಿಲ್ಲ. ಡೋಣಿ ಹೊಳೆಯ ಸೇತುವೆ ದಾಟಿದ ಮೇಲೆ ಗಾಡಿ ಒಂದು ಗುಂಡಿಗೆ ಬಿದ್ದು ಎದ್ದಿತು. ನರ್ಸಬಾಯಿಯ ಮೈಯೆಲ್ಲ ಒಮ್ಮೆ ಜಗ್ಗಿತು. ಅವರ ಬಾಯಿಂದ ಒಂದು ಶಬ್ದ ಬಂತು. ಅಂಥದ್ದನ್ನು ನಾನು ಹೆರಿಗೆ ಕೋಣೆಯಿಂದ ಮಾತ್ರ ಕೇಳಿದ್ದೆ. ಎಡಗೈಯ ಹಿಡಿತ ತಪ್ಪಿತ್ತು, ತಂಗಿಯ ಕೆಳಗಿನ ಬಟ್ಟೆ ಮತ್ತೆ ಕೆಂಪಾಯಿತು. ಅವರು ಹಣೆಯನ್ನು ಸ್ಟ್ರೆಚರಿನ ಕಬ್ಬಿಣಕ್ಕೆ ಒತ್ತಿಕೊಂಡು, ಮುಷ್ಟಿ ಮತ್ತೆ ಕಟ್ಟಿದರು. ಆಮೇಲೆ ಅವರು ತಲೆ ಎತ್ತಲೇ ಇಲ್ಲ.

ನಮ್ಮೂರಿಗೆ ಬರುವವರಿಗೆ ಗುಮ್ಮಟ ಬಹಳ ದೂರದಿಂದ ಕಾಣುತ್ತದೆ. ಕಂಡ ಕೂಡಲೇ ಊರು ಬಂತೆಂದು ಚೀಲ ಎತ್ತಿಕೊಳ್ಳುತ್ತೇವೆ. ಆ ದಿನ ಡ್ರೈವರನ ಮುಂದಿನ ಗಾಜಿನಲ್ಲಿ ಅದು ಕಂಡಿತು, ಎಷ್ಟು ಹೊತ್ತಾದರೂ ದೊಡ್ಡದಾಗಲಿಲ್ಲ.

ತಂಗಿ ಉಳಿದಳು. ರಕ್ತ ಏರಿಸಿದರು, ಆಪರೇಷನ್ ಆಯಿತು. ಹಿಡಿದುಕೊಂಡು ಬಂದಿರದಿದ್ದರೆ ದಾರಿಯಲ್ಲೇ ಮುಗಿಯುತ್ತಿತ್ತು ಎಂದು ಅಲ್ಲಿಯ ಡಾಕ್ಟರು ಹೇಳಿದರು. ನಾನು ಹೊರಗೆ ಬಂದಾಗ ನರ್ಸಬಾಯಿ ವರಾಂಡದ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಎಡಗೈ ಇನ್ನೂ ಮುಷ್ಟಿಯಲ್ಲೇ ಇತ್ತು. ರಬ್ಬರ್ ಗವಸು ಕಳಚಲಾಗದೆ ಆಯಾ ಕತ್ತರಿಯಿಂದ ಕೊಯ್ಯುತ್ತಿದ್ದಳು. ನನ್ನ ಕೈಯಲ್ಲಿ ಅವರ ಬೂದು ಗವಸುಗಳು ಮುದುಡಿ ಹೋಗಿದ್ದವು, ನೋವಿನ ಮುಲಾಮಿನ ವಾಸನೆ. ಹಾಕಲೇನ್ರಿ ಎಂದು ಕೇಳಿದೆ.

“ಇವತ್ತ ಬ್ಯಾಡ” ಎಂದರು. “ಇವತ್ತಿನ ಬಿಗಿ ಸಾಕಾಗೇತಿ.”

ಆ ಕೈಯ ಕಿರುಬೆರಳು ಮತ್ತು ಉಂಗುರದ ಬೆರಳು ಮತ್ತೆ ನೆಟ್ಟಗಾಗಲಿಲ್ಲ. ರೋಗ ಸವೆಸಿದ್ದ ಮಣಿಕಟ್ಟಿನಲ್ಲಿ ಬೆರಳು ಎತ್ತುವ ಸ್ನಾಯುರಜ್ಜುಗಳು ಹರಿದಿವೆ ಎಂದರು ಎಲುಬಿನ ಡಾಕ್ಟರು. ಇಂದಲ್ಲ ನಾಳೆ ಹರಿಯುವಂಥವೇ ಇದ್ದವು ಎಂದು ನರ್ಸಬಾಯಿ ನನಗೆ ಸಮಾಧಾನ ಹೇಳಿದರು. ಸೂಜಿ ಹಿಡಿಯಲಾಗದೆ ರಜೆ ಹಾಕಿದರು, ಆ ರಜೆ ಮುಗಿಯಲಿಲ್ಲ. ಮಗುವಿನ ತೊಟ್ಟಿಲ ಕಾರ್ಯಕ್ಕೆ ಅವರು ಬಂದಾಗ ತಂಗಿಯ ಅತ್ತೆ ತಾವೇ ಕೂಸನ್ನು ತಂದು ಎತ್ತಿಕೊಳ್ಳಿರಿ ಎಂದು ಚಾಚಿದರು. ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ನರ್ಸಬಾಯಿ ಹೇಳಿದರು: “ಉಡಿಯಾಗ ಹಾಕ್ರಿ. ಈ ಕೈ ಮ್ಯಾಲ ನನಗಽ ನಂಬಿಕಿಲ್ಲ.”

ಹೋದ ಚಳಿಗಾಲ ಅವರ ಎದೆಯಲ್ಲಿ ಕಫ ಕಟ್ಟಿತು. ಕೈಯ ರೋಗಕ್ಕೆ ನುಂಗುತ್ತಿದ್ದ ಗುಳಿಗೆಗಳು ಮೈಯ ರೋಗ ತಡೆಯುವ ಶಕ್ತಿಯನ್ನೂ ತಗ್ಗಿಸಿದ್ದವಂತೆ. ಆಸ್ಪತ್ರೆಗೆ ಒಯ್ದರೂ ತಿರುಗಿ ಬರಲಿಲ್ಲ.

ಸಮಾಧಿಗೆ ಒಯ್ಯುವ ಮುನ್ನ ಕೂಡಿಸಿ ವಿಭೂತಿ ಹಚ್ಚಿದರು. ಎಡ ಅಂಗೈಯಲ್ಲಿ ಇಷ್ಟಲಿಂಗ ಇಡಬೇಕು, ಆ ಕೈ ತೆರೆಯಲಿಲ್ಲ. ಇಬ್ಬರು ಪ್ರಯತ್ನಿಸಿದರು. ಜೋರು ಮಾಡಬ್ಯಾಡ್ರಿ ಎಂದರು ಸಂಸ್ಕಾರ ಮಾಡಿಸಲು ಬಂದಿದ್ದ ಅಯ್ಯನವರು. ಮಗಳು ಎದ್ದು ಒಳಗೆ ಹೋದಳು, ಅದೇ ಬೋಗುಣಿಯಲ್ಲಿ ಬಿಸಿನೀರು ತಂದಳು. ನಾನು ಮಣಿಕಟ್ಟು ಹಿಡಿದುಕೊಂಡೆ. ಅವಳು ತಾಯಿಯ ಮುಷ್ಟಿಯನ್ನು ನೀರಿನಲ್ಲಿ ಅದ್ದಿ, ಒಂದೊಂದೇ ಬೆರಳನ್ನು ಬಿಡಿಸತೊಡಗಿದಳು. “ತಾಳಬೇ ಯವ್ವಾ, ಆತು” ಎನ್ನುತ್ತಿದ್ದಳು, ದಿನಾ ಬೆಳಿಗ್ಗೆ ಅನ್ನುತ್ತಿದ್ದ ಹಾಗೆಯೇ. ಲಿಂಗ ಕೂರುವಷ್ಟು ಕೈ ತೆರೆಯಿತು. ಅದಕ್ಕಿಂತ ಹೆಚ್ಚು ತೆರೆಯಲಿಲ್ಲ.

ತಂಗಿ ಈಗ ಬಂದಾಗಲೆಲ್ಲ, ಅಡುಗೆಮನೆಯಲ್ಲಿ ಮಾತಾಡುತ್ತ ಕೂತಿರುವಾಗ, ನನ್ನ ಕೈ ತಾನಾಗಿ ಅವಳ ಬೆರಳು ಹಿಡಿಯುತ್ತದೆ. ಉಗುರು ಒತ್ತಿ ಬಿಡುತ್ತೇನೆ. ಅವಳು ಯಾಕೆಂದು ಕೇಳುವುದಿಲ್ಲ, ಬೆರಳು ಎಳೆದುಕೊಳ್ಳುವುದೂ ಇಲ್ಲ. ಕೆಂಪು ಮರಳುವ ತನಕ ನಾವಿಬ್ಬರೂ ಮಾತು ನಿಲ್ಲಿಸಿರುತ್ತೇವೆ.